ಪ್ಲಾನಾಚಾರ್ಯರ ಬಸಿಲಿಕಾತ

ಇಟಲಿಯ ಟಸ್ಕನಿಗೆ ಹೋಗೋಣವೇ ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಪ್ಲಾನಾಚಾರ್ಯರ ಮುಖದಲ್ಲಿ ಕನಿಕರ ಮೂಡುತ್ತದೆ. “ಅಲ್ಲಿಗೆ ಎಲ್ಲಾರೂ ಹೋಗ್ತಾರಲ್ರೀ” ಎನ್ನುತ್ತಾರೆ, ಎಲ್ಲರೂ ಹೋಗುವುದು ಆ ಸೀಮೆ ಮಾಡಿದ ಅಪರಾಧ ಎಂಬಂತೆ. ಇಂಥವರು ಮ್ಯೂನಿಕ್‌ನಲ್ಲಿದ್ದಾರೆ, ಐಂಡ್‌ಹೋವನ್‌ನಲ್ಲಿದ್ದಾರೆ, ನಮ್ಮ ಜಯನಗರದಲ್ಲೂ ಇದ್ದಾರೆ. ವಯಸ್ಸು ನಲವತ್ತರ ಆಚೀಚೆ, ರಜೆ ಕಡಿಮೆ, ಬ್ರೌಸರಿನಲ್ಲಿ ತೆರೆದಿಟ್ಟ ಪುಟಗಳು ಜಾಸ್ತಿ. ಎರಡು ಮೂರು ಸಂಸಾರಗಳು ಸೇರಿದ ವಾಟ್ಸ್ಯಾಪ್ ಗುಂಪಿಗೆ ಒಂದು ರಾತ್ರಿ ಹನ್ನೊಂದೂವರೆಗೆ ಘೋಷಣೆ ಬರುತ್ತದೆ: “ಬಸಿಲಿಕಾತ. ಯಾರಿಗೂ ಗೊತ್ತಿಲ್ಲದ ಜಾಗ.” ಇಟಲಿಯೆಂಬ ಬೂಟಿನ ಹಿಮ್ಮಡಿಗೂ ಬೆರಳಿಗೂ ನಡುವೆ ಸಿಕ್ಕಿಕೊಂಡ ಪ್ರಾಂತ್ಯ ಅದು. ವಿಸ್ತೀರ್ಣ ಹೆಚ್ಚುಕಡಿಮೆ ನಮ್ಮ ತುಮಕೂರು ಜಿಲ್ಲೆಯಷ್ಟು, ಜನ ಅದರ ಐದರಲ್ಲೊಂದು ಪಾಲು. ಒಂದು ಮಗ್ಗುಲಿಗೆ ಅಯೋನಿಯನ್ ಸಮುದ್ರ, ಇನ್ನೊಂದು ಮಗ್ಗುಲಿಗೆ ಟಿರ್‍ರೇನಿಯನ್, ನಡುವೆ ಬೆಟ್ಟಗಳು, ಬೆಟ್ಟದ ನೆತ್ತಿಗೊಂದೊಂದು ಊರು. ಇಂಥ ಕಡೆ ಹೊರಟವರನ್ನು ಜನ ಸಾಹಸಿಗಳು ಎಂದು ಹೊಗಳುವುದುಂಟು. ನನ್ನ ವಾದ ಬೇರೆ. ಗೊತ್ತಿಲ್ಲದ್ದನ್ನು ಕಂಡರೆ ಪ್ಲಾನಾಚಾರ್ಯರಿಗೆ ಆಗುವುದೇ ಇಲ್ಲ. ಗೊತ್ತಿಲ್ಲದ ಸೀಮೆಯನ್ನು ಅವರು ಹುಡುಕಿ ಆರಿಸುವುದೇ ನಾಲ್ಕು ತಿಂಗಳು ಪಟ್ಟಾಗಿ ಕೂತು ಅದರಲ್ಲಿ ಗೊತ್ತಿಲ್ಲದ್ದೇನೂ ಉಳಿಯದಂತೆ ಮಾಡುವುದಕ್ಕೆ.

ಗುಂಪಿನಲ್ಲಿ ಯಾರೋ ಪಾಪ, “ಮತೇರ ಅಲ್ಲೇ ಅಲ್ವಾ? ಜೇಮ್ಸ್ ಬಾಂಡ್ ಕಾರು ಓಡಿಸಿದ್ದು?” ಎಂದು ಬರೆದಾಗ ಏನಾಗುತ್ತದೆ ನೋಡಿ. ಪ್ಲಾನಾಚಾರ್ಯರು ಎರಡು ದಿನ ಮೌನ. ಬಂಡೆಯಲ್ಲಿ ಕೊರೆದ ಗುಹೆಮನೆಗಳ ಆ ಊರನ್ನು ಯುನೆಸ್ಕೊ 1993ರಲ್ಲೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಪಾಸೊಲೀನಿಯೂ ಮೆಲ್ ಗಿಬ್ಸನ್ನೂ ತಂತಮ್ಮ ಏಸುವಿನ ಚಿತ್ರಗಳನ್ನು ಅಲ್ಲಿ ತೆಗೆದಿದ್ದಾರೆ. 2019ರಲ್ಲಿ ಅದು ಯುರೋಪಿನ ಸಾಂಸ್ಕೃತಿಕ ರಾಜಧಾನಿಯೂ ಆಗಿತ್ತು. ಚೆಂದದ ಊರು, ಹೋಗಿ ನಾಲ್ಕು ದಿನ ಇರಬಹುದಾದ ಊರು. ಆದರೆ ಮೂರನೆಯ ದಿನ ಹೊರಡುವ ಪರಿಷ್ಕೃತ ಪ್ರಕಟಣೆಯಲ್ಲಿ ಮತೇರಕ್ಕೆ ಅರ್ಧ ದಿನ, ಅದೂ ಮಕ್ಕಳ ಒತ್ತಾಯಕ್ಕೆ. ಊರಿನ ಅಂದಚೆಂದ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ, ಅದನ್ನು ತಾವೊಬ್ಬರೇ ಬಲ್ಲೆವೆಂಬ ಹಕ್ಕು ಹೋಯಿತು, ಅಷ್ಟೆ.

ಅವರ ಅಸಲಿ ಕೈಚಳಕ ಕಾಣುವುದು ಸ್ಟ್ರೀಟ್ ವ್ಯೂನಲ್ಲಿ. ಪೊತೆನ್ಸದಿಂದ ಬಸೆಂತೊ ನದಿಯ ಜೊತೆಜೊತೆಗೆ ಮೆತಪೊಂತೊ ಕಡೆ ಇಳಿಯುವ ಹೆದ್ದಾರಿಯನ್ನೂ, ಅದರಿಂದ ಬೆಟ್ಟ ಹತ್ತುವ ಕವಲುಗಳನ್ನೂ ಅವರು ರಾತ್ರಿ ಊಟವಾದ ಮೇಲೆ ಬೆರಳಿನಲ್ಲಿ ತಳ್ಳಿ ತಳ್ಳಿ ಒಂದು ಸಲ ಪೂರ್ತಿ ಓಡಿಸಿ ಮುಗಿಸಿರುತ್ತಾರೆ. ಫಲ ಉಣ್ಣುವವರು ಹಿಂದಿನ ಸೀಟಿನವರು. ತಿರುವೊಂದು ಬರುತ್ತದೆ. ಏನೋ ಕಂಡೀತೆಂಬ ಆಸೆಗೆ ಹಿಂದೆ ಕೂತವರು ಕಿಟಕಿಗೆ ಮುಖ ಒತ್ತುತ್ತಾರೆ. ಅಷ್ಟರಲ್ಲಿ ಮುಂದಿನಿಂದ ದನಿ: “ಈಗ ಎಡಗಡೆ ಒಂದು ನೀಲಿ ಗೇಟು ಬರತ್ತೆ ನೋಡಿ. ಅದಾದ್ಮೇಲೆ ಊರು ಪೂರ್ತಿ ಕಾಣ್ಸತ್ತೆ.” ಗೇಟು ಬರುತ್ತದೆ. ಊರೂ ಬರುತ್ತದೆ, ಬಂಡೆಗೆ ಬೆನ್ನು ಕೊಟ್ಟು, ಒಂದರ ತಲೆಯ ಮೇಲೊಂದು ಮನೆ ಹೊತ್ತು. ಆದರೆ “ಆಹಾ” ಎನ್ನಬೇಕಾದ ಬಾಯಲ್ಲಿ “ಹೌದು, ನೀಲಿನೇ” ಎಂದು ಬಂದಿರುತ್ತದೆ. ಆ ಗೇಟಿನ ಯಜಮಾನ ಈ ನಡುವೆ ಅದಕ್ಕೆ ಹಸಿರು ಬಣ್ಣ ಬಳಿಸಿದ್ದರಂತೂ ಮುಗಿಯಿತು. ಕಾರು ನಿಲ್ಲುತ್ತದೆ, ಫೋನು ಹೊರಬರುತ್ತದೆ, ದಾರಿ ತಪ್ಪಿಲ್ಲವೆಂಬುದು ಮೂರು ವಿಧದಲ್ಲಿ ಸಾಬೀತಾಗುತ್ತದೆ, ಮುಂದಿನ ಹತ್ತು ಕಿಲೋಮೀಟರು ಯಜಮಾನನ ಬೇಜವಾಬ್ದಾರಿಯ ಮೇಲೆ ಉಪನ್ಯಾಸ. ಅಷ್ಟು ಹೊತ್ತಿಗೆ ಊರು ಹಿಂದೆ ಹೋಗಿಯಾಗಿರುತ್ತದೆ. ಇದನ್ನು ಇಷ್ಟು ವಿಸ್ತಾರವಾಗಿ ಹೇಳುತ್ತಿರುವುದು ಪುರಾವೆಗಾಗಿಯೇ ಹೊರತು ಯಾವ ಹಳೆಯ ಸಿಟ್ಟಿಗೂ ಅಲ್ಲವೆಂದು ಓದುಗರು ನಂಬಬೇಕು. ಜಾಲತಾಣಗಳಲ್ಲಿ ವಿಮರ್ಶೆ ಬರೆದ ಅಪರಿಚಿತರನ್ನು ಅವರು ಸೋದರಮಾವಂದಿರ ಹಾಗೆ ಉಲ್ಲೇಖಿಸುವುದನ್ನು (“ಲೀಡ್ಸ್‌ನವನೊಬ್ಬ ಹೇಳಿದಾನೆ, ಇಲ್ಲಿ ಕಾಫಿ ತಣ್ಣಗಿರತ್ತಂತೆ”) ಬೇಕಾದರೆ ಕ್ಷಮಿಸಿಬಿಡೋಣ.

ಹಾಗಾದರೆ ಪ್ಲಾನೇ ಬೇಡವೇ, ಎಂದು ಆಚಾರ್ಯರ ಪಕ್ಷದವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಲ್ಲಿಂದ ಹೊರಡುವ ಭಾರತದ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕು. ಅರ್ಜಿಯ ಜೊತೆ ತಂಗುವ ಜಾಗದ ವಿವರ, ಪ್ರಯಾಣದ ವಿವರ, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇಡಬೇಕು. ‘ಎಲ್ಲಿ ಸಂಜೆಯಾಗುತ್ತದೋ ಅಲ್ಲಿ ತಂಗುತ್ತೇವೆ’ ಎಂದು ಬರೆದುಕೊಟ್ಟವರಿಗೆ ಮನೆಯಲ್ಲೇ ಸಂಜೆಯಾಗುತ್ತದೆ. ಮತೇರ ಇಟಲಿಯ ರಾಷ್ಟ್ರೀಯ ರೈಲುಜಾಲದಲ್ಲಿಲ್ಲ, ಬಾರಿ ನಗರದಿಂದ ಬರುವ ಕಿರಿದಾದ ಹಳಿಯ ರೈಲೊಂದೇ ಗತಿ, ಆದ್ದರಿಂದ ಬಾಡಿಗೆ ಕಾರು ಬೇಕೇ ಬೇಕು. ನಮ್ಮ ಲೈಸೆನ್ಸಿನ ಜೊತೆ ಅಂತರರಾಷ್ಟ್ರೀಯ ಪರವಾನಗಿಯೂ ಬೇಕು. ಹಳೆಯ ಊರುಗಳ ಒಳಗೆ ಹೊರಗಿನ ವಾಹನಗಳಿಗೆ ನಿರ್ಬಂಧವಿರುವ ವಲಯಗಳಿವೆ. ತಿಳಿಯದೆ ನುಗ್ಗಿದರೆ ಕ್ಯಾಮೆರಾ ಫೋಟೊ ತೆಗೆದುಕೊಳ್ಳುತ್ತದೆ, ದಂಡದ ಕಾಗದ ತಿಂಗಳುಗಳಾದ ಮೇಲೆ, ಪ್ರವಾಸದ ನೆನಪು ಸಿಹಿಯಾಗತೊಡಗಿದ ಹೊತ್ತಿಗೆ, ಮನೆ ಬಾಗಿಲಿಗೆ ಬರುತ್ತದೆ. ಇವೆಲ್ಲ ತಿಳಿದಿರಬೇಕು, ಆಚಾರ್ಯರಿಗೆ ತಿಳಿದಿದೆ, ಅವರಿಂದಲೇ ಉಳಿದವರಿಗೂ ತಿಳಿದದ್ದು. ಆದರೆ ಇದು ಪ್ಲಾನಿನ ಮೊದಲ ಪುಟ. ಹದಿನಾಲ್ಕನೆಯ ಪುಟದಲ್ಲಿ ‘3.40: ಗೋಧಿ ಹೊಲ, 10 ನಿಮಿಷ’ ಎಂದಿರುತ್ತದೆ. ನಿರ್ಬಂಧಿತ ವಲಯ ತಿಳಿದುಕೊಳ್ಳುವುದು ವಿವೇಕ. ಗೋಧಿ ಹೊಲಕ್ಕೆ ಹತ್ತು ನಿಮಿಷ ಮಂಜೂರು ಮಾಡುವುದು ಬೇರೆಯೇ ಕಾಯಿಲೆ.

ಕಾಯಿಲೆ ಎನ್ನಲು ಕಾರಣ, ಆ ನೆಲದಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಕಾಸ್ಟೆಲ್ಮೆತ್ಸಾನೊ ಮತ್ತು ಪಿಯೆತ್ರಪೆರ್ತೋಸ ಎಂಬ ಎರಡು ಊರುಗಳು ಒಂದು ಕಣಿವೆಯ ಆಚೆ ಈಚೆ ಎದುರುಬದುರು ಕೂತಿವೆ. ನಡುವೆ ಉಕ್ಕಿನ ಹಗ್ಗ ಕಟ್ಟಿದ್ದಾರೆ. ನಡುಪಟ್ಟಿ ಬಿಗಿಸಿಕೊಂಡು ಜೋತುಬಿದ್ದರೆ ಸುಮಾರು ಒಂದೂವರೆ ಕಿಲೋಮೀಟರನ್ನು ಒಂದೆರಡು ನಿಮಿಷದಲ್ಲಿ ಹಾರಿಬಿಡಬಹುದು. ಕಾರಿನವರು ಮಾತ್ರ ತಿರುವು ಎಣಿಸುತ್ತ ಕಣಿವೆಗೆ ಇಳಿದು, ತಿರುವು ಎಣಿಸುತ್ತ ಮತ್ತೆ ಹತ್ತಬೇಕು. ನಕಾಶೆಯಲ್ಲಿ ಬೆರಳಗಲ ಕಂಡದ್ದು ಮಗುವಿನ ಹೊಟ್ಟೆ ತೊಳಸುವಷ್ಟು ದೂರವಾಗುತ್ತದೆ. ಇಂಥ ಎರಡು ಬೆಟ್ಟ ದಾಟುವಷ್ಟರಲ್ಲಿ ವೇಳಾಪಟ್ಟಿ ಒಂದು ಗಂಟೆ ಹಿಂದೆ ಬಿದ್ದಿರುತ್ತದೆ. ಹಿಂದೆ ಬಿದ್ದ ಗಂಟೆ ಸೀದಾ ಊಟಕ್ಕೆ ಬಂದು ತಗಲುತ್ತದೆ. ಅಲ್ಲಿನ ಅಡುಗೆಮನೆಗಳು ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಮುಚ್ಚಿದರೆ ತೆರೆಯುವುದು ಸಂಜೆ ಏಳೂವರೆಗೆ. ಸಸ್ಯಾಹಾರಿಗಳಿಗೆ ಆಚಾರ್ಯರು ಎಷ್ಟು ಶ್ರದ್ಧೆಯಿಂದ ಹುಡುಕಿಟ್ಟಿದ್ದರು! ಅರೆದ ಅವರೆಜಾತಿಯ ಕಾಳು, ಪಕ್ಕದಲ್ಲಿ ಬೇಯಿಸಿದ ಕಹಿಸೊಪ್ಪು, ಮೇಲೆ ಸೆನೀಸೆ ಎಂಬ ಊರಿನ ಒಣಮೆಣಸಿನಕಾಯಿ, ನಮ್ಮ ಬಾಳಕದ ಹಾಗೆ ಎಣ್ಣೆಯಲ್ಲಿ ಗರಿಗರಿ ಕರಿದದ್ದು, ಖಾರವಿಲ್ಲ ಅನ್ನುವುದೊಂದೇ ಕೊರತೆ. ಎರಡೂಮುಕ್ಕಾಲಿಗೆ ಮುಚ್ಚಿದ ಬಾಗಿಲ ಮುಂದೆ ಕಾರು ನಿಲ್ಲಿಸಿಕೊಂಡು ಎಲ್ಲರೂ ಡಬ್ಬಿಯ ಪುಳಿಯೋಗರೆ ತಿನ್ನುತ್ತಾರೆ. ಅದೂ ಪ್ಲಾನಿನಲ್ಲಿತ್ತು, ‘ಪರ್ಯಾಯ ಬಿ’ ಎಂಬ ಹೆಸರಿನಲ್ಲಿ.

ಆ ಸೀಮೆಯನ್ನು ಲೋಕಕ್ಕೆ ತೋರಿಸಿಕೊಟ್ಟವರಿಗೆ ಪ್ಲಾನಿನ ಸೌಭಾಗ್ಯವೇ ಇರಲಿಲ್ಲ. ಕಾರ್ಲೊ ಲೇವಿ ಟುರಿನ್ನಿನ ಚಿತ್ರಕಾರರು, ವೈದ್ಯಶಾಸ್ತ್ರ ಓದಿದವರು. ಫ್ಯಾಸಿಸ್ಟರ ವಿರೋಧಿಯೆಂದು ಮುಸೊಲಿನಿಯ ಸರ್ಕಾರ 1935ರಲ್ಲಿ ಅವರನ್ನು ಗಡೀಪಾರು ಮಾಡಿ ಅಲ್ಲಿಗೆ ಅಟ್ಟಿತು, ಮೊದಲು ಗ್ರಾಸಾನೊ, ಆಮೇಲೆ ಅಲಿಯಾನೊ. ಊರಿನ ಎಲ್ಲೆ ದಾಟುವಂತಿಲ್ಲ. 1945ರಲ್ಲಿ ಬಂದ ಅವರ ‘ಕ್ರಿಸ್ತ ಎಬೋಲಿಯಲ್ಲೇ ನಿಂತ’ ಎಂಬ ಪುಸ್ತಕ ಅಲ್ಲಿನ ರೈತರ ಮಲೇರಿಯಾ, ಬಡತನ, ಮಾಟಮಂತ್ರಗಳನ್ನು ಇಟಲಿಯವರ ಕಣ್ಣಿಗೇ ಹೊಸದೆಂಬಂತೆ ತಂದಿಟ್ಟಿತು. ಖೈದಿಯನ್ನು ಪ್ರವಾಸಿಗೆ ಹೋಲಿಸುವುದು ಅನ್ಯಾಯ, ಲೇವಿಗೆ ತಿಂಗಳುಗಟ್ಟಲೆ ಸಮಯವಿತ್ತು, ಆಚಾರ್ಯರಿಗಿರುವುದು ಹತ್ತು ದಿನ ಎಂದು ಯಾರಾದರೂ ಹೇಳಬಹುದು. ಒಪ್ಪಿದೆ. ಆದರೆ ಹತ್ತು ದಿನವಿರುವವರು ಮೂರು ಊರು ಆರಿಸಬೇಕೋ, ಹತ್ತೊಂಬತ್ತೋ? ಕ್ರಾಕೊ ಎಂಬ ಊರು 1963ರ ಭೂಕುಸಿತದ ಮೇಲೆ ಖಾಲಿಯಾಯಿತು. ಜನ ಕೆಳಗಿನ ಕಣಿವೆಗೆ ಹೋದರು, ಮನೆಗಳು ಮೇಲೆಯೇ ಉಳಿದವು. ತಲೆಗೆ ಹೆಲ್ಮೆಟ್ ಇಟ್ಟು ಮಾರ್ಗದರ್ಶಿಯ ಹಿಂದೆ ನಡೆದು ನೋಡಬೇಕು. ಆ ಸೀಮೆಯವರು ಒಂದು ಕಾಲಕ್ಕೆ ಗುಂಪುಗುಂಪಾಗಿ ಅಮೆರಿಕಕ್ಕೆ ಹಡಗು ಹತ್ತಿದವರು. ಈಗಲೂ ಊರುಗಳು ಸವೆಯುತ್ತಲೇ ಇವೆ, ಬಾಗಿಲಲ್ಲಿ ಕುರ್ಚಿ ಹಾಕಿ ಕೂತ ಮುದುಕರೇ ಹೆಚ್ಚು. ಅವರಲ್ಲೊಬ್ಬರು ಎದ್ದು ನಿಂತು ಕೈಸನ್ನೆಯಲ್ಲಿ ಏನೋ ಹೇಳಹೊರಟರೆ, ಕೇಳಿಸಿಕೊಳ್ಳಲು ಎಕ್ಸೆಲ್ ಹಾಳೆಯಲ್ಲಿ ಯಾವ ಸಾಲೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಗಟ್ಟಿ ಮಾತೊಂದನ್ನು ಎದುರಿಸಲೇಬೇಕು: ಆಚಾರ್ಯರಿಲ್ಲದಿದ್ದರೆ ಉಳಿದವರು ಹೋಗುತ್ತಿದ್ದರೇ? ಖಂಡಿತ ಇಲ್ಲ. ನಮ್ಮಂಥವರು “ಎಲ್ಲಾದ್ರೂ ಸರಿ, ನೀವೇ ನೋಡಿ ಮಾಡಿ” ಎಂದು ಕೈತೊಳೆದುಕೊಂಡು, ದಾರಿಯುದ್ದಕ್ಕೂ ಗೊಣಗಿ, ಬಂದ ಮೇಲೆ ಹಾಸ್ಯಲೇಖನ ಬರೆಯುವ ಜಾತಿ. ಈ ಜಾತಿಯ ಮೂಲಪುರುಷನೂ ಆ ಸೀಮೆಯವನೇ. ಕ್ರಿಸ್ತಪೂರ್ವ 65ರಲ್ಲಿ ವೆನೋಸದಲ್ಲಿ ಹುಟ್ಟಿದ ಕವಿ ಹೊರೇಸ್ ದೊಡ್ಡವರ ಪರಿವಾರದ ಜೊತೆ ರೋಮಿನಿಂದ ಬ್ರಿಂದಿಸಿಗೆ ಹೋಗಿ, ನೀರು ಕೆಟ್ಟದ್ದು, ಸೊಳ್ಳೆ, ಕಪ್ಪೆಗಳ ಕಾಟ, ರೊಟ್ಟಿಯಲ್ಲಿ ಕಲ್ಲು ಎಂದು ಒಂದಿಡೀ ಪದ್ಯ ಗೊಣಗಿದ. ತನ್ನ ಸೀಮೆಯ ಪರಿಚಯದ ಬೆಟ್ಟಗಳು ಕಂಡವು ಅನ್ನುತ್ತಾನೆ, ಆ ಪ್ರಯಾಣದ ವ್ಯವಸ್ಥೆ ಮಾಡಿದ ಪುಣ್ಯಾತ್ಮನಿಗೆ ಒಂದು ಥ್ಯಾಂಕ್ಸ್ ಇಲ್ಲ. ರಾತ್ರಿ ಹನ್ನೊಂದರ ಮೇಲೆ, ಮನೆಯವರೆಲ್ಲ ಮಲಗಿದಾಗ, ಅಲಿಯಾನೊದ ಓಣಿಯೊಂದರಲ್ಲಿ ಬೆರಳಿನಿಂದ ಒಬ್ಬರೇ ನಡೆದಾಡುವ ಆಚಾರ್ಯರಿಗೆ ಯಾರೂ ಗಡಿಯಾರ ತೋರಿಸುವುದಿಲ್ಲ. ಅವರ ಪ್ರವಾಸ ಬಹುಶಃ ಅದೇ. ವಿಮಾನ ಹತ್ತಿ ಹೋಗುವುದು ತಾಳೆ ನೋಡುವುದಕ್ಕೆ.

ತಾಳೆ ಮುಗಿದ ವಾರದಲ್ಲೇ ಗುಂಪಿಗೆ ಹೊಸ ಸಂದೇಶ ಬಂದಿರುತ್ತದೆ: “ಮೊಲೀಸೆ.” 1963ರವರೆಗೆ ಅಬ್ರುತ್ಸೊ ಜೊತೆ ಒಂದೇ ಪ್ರಾಂತ್ಯವಾಗಿದ್ದು ಆಮೇಲೆ ಬೇರೆಯಾದದ್ದು ಅದು. ಮೊಲೀಸೆ ಎಂಬ ಜಾಗವೇ ಇಲ್ಲ ಎಂಬುದು ಇಟಲಿಯವರಲ್ಲೇ ಓಡಾಡುವ ತಮಾಷೆ. ಇದಕ್ಕಿಂತ ಒಳ್ಳೆಯ ಶಿಫಾರಸು ಆಚಾರ್ಯರಿಗೆ ಎಲ್ಲಿ ಸಿಗಬೇಕು? ಹಿಂದೆಯೇ ಎರಡನೆಯ ಸಂದೇಶ, “ಈ ಸಲ ಬೇರೆ ಯಾರಾದ್ರೂ ಪ್ಲಾನ್ ಮಾಡ್ರಪ್ಪ.” ಎಲ್ಲರೂ ಓದಿದ್ದಾರೆ, ನೀಲಿ ಗುರುತು ಬಿದ್ದಿದೆ. ಉತ್ತರ ಮಾತ್ರ ಮೊದಲನೆಯದಕ್ಕೇ ಬರುತ್ತಿದೆ: “ಅಲ್ಲಿ ಆಟೋಮ್ಯಾಟಿಕ್ ಕಾರು ಸಿಗತ್ತಾ?”