ಹತ್ತು ದಿನದ ದೊರೆಸಾನಿ

ನಾರಾಯಣಪೇಟೆ, ಮಕ್ತಲ್, ಗದ್ವಾಲದ ಹಳಬರ ಬಾಯಲ್ಲಿ ಬಿಳಿಯ ಮಿಷನರಿ ಹೆಂಗಸಿಗೆ ದೊರೆಸಾನಿ ಎಂದು ಹೆಸರು. ಆ ದೊರೆಸಾನಿಯರ ಕಾಲ ಮುಗಿದು ಬಹಳ ವರ್ಷವಾಯಿತು. ಈಗಿನವರು ಹತ್ತು ದಿನದ ದೊರೆಸಾನಿಯರು. ಮೂಲ ತಳಿ ಅಮೆರಿಕದ್ದು. ಅಲ್ಲಿಯ ಚರ್ಚುಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಅಲ್ಪಾವಧಿಯ ಸೇವೆಗೆಂದು ಪರದೇಶಕ್ಕೆ ಹೋಗಿಬರುತ್ತಾರೆ ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೌ ಅಂದಾಜು ಮಾಡಿದ್ದರು. ಬೀಜ ಈಗ ನಮ್ಮ ನೆಲದಲ್ಲೂ ಬಿದ್ದಿದೆ. ನಮ್ಮ ದೊರೆಸಾನಿಯವರ ಹುಟ್ಟೂರು ಕೃಷ್ಣೆಯ ದಂಡೆ. ಮನೆ ಹೈದರಾಬಾದೋ, ಬೆಂಗಳೂರೋ, ಡಲ್ಲಾಸೋ. ಸ್ತ್ರೀ ಸಮಾಜದಲ್ಲಿ ಖಜಾಂಚಿ, ಶಾಲೆಯಿಂದ ನಿವೃತ್ತಿ, ಮಕ್ಕಳೆಲ್ಲ ಒಂದು ದಡ ಸೇರಿದ್ದಾರೆ. ಮನೆಯ ಮೆಟ್ಟಿಲಿಗೆ ನೋಯುವ ಮೊಣಕಾಲು ವಿಮಾನದ ಮೆಟ್ಟಿಲಿಗೆ ನೋಯುವುದಿಲ್ಲ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಎದ್ದು ನಿಂತು, “ದೇವರು ನನಗೆ ಆಫ್ರಿಕದ ಭಾರ ಕೊಟ್ಟಿದಾರೆ” ಎಂದು ಸಾಕ್ಷಿ ಹೇಳುತ್ತಾರೆ. ದೇವರು ಕೊಡುವ ಭಾರಕ್ಕೆ ಮಿತಿಯಿಲ್ಲ. ವಿಮಾನದವರು ಕೊಡುವುದು ಸಾಮಾನ್ಯವಾಗಿ ಚೀಲಕ್ಕೆ 23 ಕಿಲೋ. ಎರಡನ್ನೂ ಹೊಂದಿಸುವುದರಲ್ಲೇ ಮಿಷನ್ನಿನ ಅರ್ಧ ಶ್ರಮ ಕಳೆಯುತ್ತದೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮಾವಿನ ಉಪ್ಪಿನಕಾಯಿ, ಮೊಣಕಾಲಿನ ಎಣ್ಣೆ ಮೊದಲು ಒಳಗೆ ಹೋಗುತ್ತವೆ. ಮಿಕ್ಕ ಸಂದಿಯಲ್ಲಿ ಬಲೂನು, ಬಣ್ಣದ ಪೆನ್ಸಿಲ್ಲು, ಹಳೆಯ ಬಟ್ಟೆ. ಆಫ್ರಿಕದ ಪಾಲಿಗೆ ಬರುವುದು ಉಪ್ಪಿನಕಾಯಿ ಬಿಟ್ಟುಕೊಟ್ಟ ಜಾಗ.

ಈ ಹತ್ತು ದಿನದ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಬೇಕು. ಹೋಗಲು ಒಂದು ದಿನ, ಬರಲು ಒಂದು ದಿನ. ಇಳಿದ ಮೇಲೆ ಸುಧಾರಿಸಿಕೊಳ್ಳಲು ಒಂದು. ಕೀನ್ಯಾದವರೆಗೂ ಹೋಗಿ ಮಸಾಯಿ ಮಾರದ ಸಿಂಹ ನೋಡದೆ ಬಂದರೆ ಸೃಷ್ಟಿಕರ್ತನಿಗೇ ಅವಮಾನವಾದ್ದರಿಂದ ಅದಕ್ಕೆ ಎರಡು. ಭಾನುವಾರ ಆರಾಧನೆ, ಸನ್ಮಾನ, ಊಟ. ಪೇಟೆಯಲ್ಲಿ ಮಣಿಸರ ಕೊಳ್ಳಲು ಅರ್ಧ ದಿನ, ಯಾರಿಗಾದರೂ ಹೊಟ್ಟೆ ಕೆಟ್ಟೇ ಕೆಡುತ್ತದಾದ್ದರಿಂದ ಇನ್ನರ್ಧ. ಕೈಯಲ್ಲಿ ಉಳಿಯುವುದು ಮೂರು ದಿನ. ಅದರಲ್ಲಿ ಶಾಲೆಯ ಗೋಡೆಗೆ ಬಣ್ಣ ಬಳಿದು, ಮಕ್ಕಳಿಗೆ ಚಪ್ಪಾಳೆಯ ಹಾಡು ಕಲಿಸಿ, ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತು ದಿನದ ಮೇಲೆಯೇ ಜಾರಿಗೆ ಬರುವುದು ಎಂಬುದು ಅಂತರರಾಷ್ಟ್ರೀಯ ನಿಯಮ. ಒಂದು ಲಸಿಕೆ ಒಂದು ಮೈಗೆ ಹಿಡಿಯಲು ಬೇಕಾಗುವ ಅವಧಿಯಲ್ಲಿ ದೊರೆಸಾನಿಯವರು ಒಂದು ಖಂಡವನ್ನೇ ಮುಗಿಸಿ ಬಂದಿರುತ್ತಾರೆ. ಅಲ್ಲಿಯ ಮಕ್ಕಳು ಬಿಳಿಯರನ್ನು ಕಂಡರೆ ‘ಮ್ಜುಂಗು’ ಎಂದು ಕೂಗುತ್ತಾರೆ. ಸ್ವಾಹಿಲಿಯ ಆ ಮಾತಿನ ಬೇರು ಸುತ್ತುವುದು, ಅಲೆಯುವುದು ಎಂಬ ಕ್ರಿಯಾಪದದಲ್ಲಿದೆ. ನಮ್ಮವರಿಗೆ ಅಲ್ಲಿ ಮ್ಹಿಂದಿ ಎಂದು ಹೆಸರು. ಆದರೂ ಗೋಡೆಗೆ ಬಣ್ಣ ಬಳಿದು ಜೀಪು ಹತ್ತುವ ಹೊತ್ತಿಗೆ ನಮ್ಮವರೂ ಮ್ಜುಂಗುಗಳೇ ಆಗಿರುತ್ತಾರೆ. ಸುತ್ತಾಟಕ್ಕೆ ಮೈಬಣ್ಣದ ಹಂಗಿಲ್ಲ.

ನಗುವುದು ಸುಲಭ, ದೊರೆಸಾನಿಯವರು ಕೆಟ್ಟವರಲ್ಲ ಎನ್ನುವುದೇ ಇಲ್ಲಿಯ ತೊಡಕು. ಅವರ ಕಣ್ಣೀರು ನಿಜ, ಪ್ರಾರ್ಥನೆ ನಿಜ, ಪಿಂಚಣಿಯಿಂದ ತೆಗೆದ ದುಡ್ಡೂ ನಿಜ. ಎಡವಟ್ಟಾಗಿರುವುದು ಹೆಸರಿನಲ್ಲಿ. ಅವರು ಮಾಡಿಬರುವುದು ಯಾತ್ರೆ. ಬ್ಯಾನರಿನಲ್ಲಿ ಬರೆಸಿರುವುದು ಸೇವೆ. ಈ ಎರಡರ ನಡುವಿನ ಅಂತರ ಮಕ್ತಲ್ ಸೀಮೆಯ ಯಾವ ಕೂಲಿ ಹೆಂಗಸಿಗಾದರೂ ಕೇಳದೆಯೇ ಗೊತ್ತು. ಈ ಸೀಮೆಯ ಹೆಂಗಸರು ತಲೆಮಾರುಗಳಿಂದ ಗುಂಪು ಕಟ್ಟಿಕೊಂಡು ದೂರದೂರಿಗೆ ಮನೆ ಕಟ್ಟಲು ಹೋಗುತ್ತಿದ್ದಾರೆ. ಅದಕ್ಕೆ ಗುಳೆ ಎಂದು ಹೆಸರು. ಮಹಬೂಬನಗರದ ಹಳೆ ಹೆಸರು ಹೊತ್ತ ಪಾಲಮೂರು ಲೇಬರ್ ಎಂಬ ಮಾತು ದೇಶದ ಅಣೆಕಟ್ಟುಗಳ, ಕಾಲುವೆಗಳ, ರಸ್ತೆಗಳ ಚರಿತ್ರೆಯಲ್ಲೇ ಸೇರಿಹೋಗಿದೆ. ಮೇಸ್ತ್ರಿ ಮುಂಗಡ ಕೊಟ್ಟು ಕರೆದೊಯ್ಯುತ್ತಾನೆ, ಮುಂಬೈ ಪುಣೆಗಳಲ್ಲಿ ತಿಂಗಳುಗಟ್ಟಲೆ ಕಾಂಕ್ರೀಟು ಹೊರುತ್ತಾರೆ, ಮಳೆಗಾಲಕ್ಕೆ ಊರಿಗೆ ಮರಳುತ್ತಾರೆ. ಅಂಥವಳ ಮುಂದೆ ದೊರೆಸಾನಿಯವರ ಯೋಜನೆ ಬಿಡಿಸಿ ಹೇಳಿದರೆ ಅವಳ ಮೊದಲ ಪ್ರಶ್ನೆ, “ಮೇಸ್ತ್ರಿ ಯಾರ‍್ರೀ? ಮುಂಗಡ ಎಷ್ಟ್ ಕೊಟ್ಟಾನ?” ಎಂದೇ ಇದ್ದೀತು. ಕೂಲಿ ಇಲ್ಲ, ನಾವೇ ಲಕ್ಷಗಟ್ಟಲೆ ಕೊಟ್ಟು ಹೋಗಿ ಇಟ್ಟಿಗೆ ಹೊರುತ್ತೇವೆ ಎಂದರೆ ಅವಳು ಭಕ್ತಿಯಿಂದ ಕೈಮುಗಿಯುವುದಿಲ್ಲ. ಆ ಊರಿನಲ್ಲಿ ಇಟ್ಟಿಗೆ ಹೊರುವವರು ಯಾರೂ ಇಲ್ಲವೇ ಎಂದು ಕೇಳುತ್ತಾಳೆ. ಈ ಪ್ರಶ್ನೆಗೆ ಉತ್ತರ ಕೊಡಲು ವಿದ್ವಾಂಸರು ಅಧ್ಯಯನ ಮಾಡಬೇಕಾಯಿತು.

ಅಧ್ಯಯನ ನಡೆದದ್ದು ಹೊಂಡುರಾಸ್‌ನಲ್ಲಿ. 1998ರಲ್ಲಿ ಮಿಚ್ ಚಂಡಮಾರುತ ಆ ದೇಶವನ್ನು ನೆಲಸಮ ಮಾಡಿದಾಗ ಉತ್ತರ ಅಮೆರಿಕದಿಂದ ಸೇವಾ ತಂಡಗಳು ಮನೆ ಕಟ್ಟಲು ಹೋದವು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ, ಸ್ವತಃ ಕ್ರೈಸ್ತ ಕಾಲೇಜೊಂದರ ಅಧ್ಯಾಪಕ, ಲೆಕ್ಕ ಹಾಕಿದರು. ತಂಡದವರ ಪ್ರಯಾಣದ ಖರ್ಚನ್ನೂ ಸೇರಿಸಿದರೆ ಒಂದು ಮನೆಗೆ ಬಿದ್ದದ್ದು ಸುಮಾರು 30,000 ಡಾಲರ್. ಅಲ್ಲಿಯ ಸಂಸ್ಥೆಗಳೇ ಸ್ಥಳೀಯ ಮೇಸ್ತ್ರಿಗಳಿಂದ ಕಟ್ಟಿಸಿದ ಮನೆಗೆ ಸುಮಾರು 2,000. ಒಂದು ಮನೆಯ ದುಡ್ಡಿನಲ್ಲಿ ಹದಿನೈದು ಮನೆ ಏಳುತ್ತಿದ್ದವು, ಹದಿನೈದು ಮನೆಯ ಕೂಲಿ ಊರಿನಲ್ಲೇ ಉಳಿಯುತ್ತಿತ್ತು. ಇನ್ನು ಚೀಲದ ಸಂದಿಯಲ್ಲಿ ಕೂತು ಹೋದ ಹಳೆಯ ಬಟ್ಟೆಯ ಮಾತು. ನಾರಾಯಣಪೇಟೆಯ ಚೌಕಳಿ ಸೀರೆ, ಗದ್ವಾಲದ ರೇಷ್ಮೆಯಂಚಿನ ಸೀರೆ ನೇಯುವವರ ಸೀಮೆಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಅಗ್ಗದ ಪವರ್‌ಲೂಮ್ ಸೀರೆ ಬಂದಾಗ ಮಗ್ಗದ ಸದ್ದು ಏನಾಯಿತೆಂದು ಅವರು ಕಂಡಿದ್ದಾರೆ. ಪುಕ್ಕಟೆಯೇ ಬಂದಿದ್ದರೆ ಏನಾಗುತ್ತಿತ್ತೋ. ಪೂರ್ವ ಆಫ್ರಿಕದಲ್ಲಿ ಪರದೇಶದ ಹಳೆ ಬಟ್ಟೆಗೆ ಮಿತುಂಬ ಎನ್ನುತ್ತಾರೆ. ದಾನವಾಗಿ ಕೊಟ್ಟದ್ದರಲ್ಲಿ ಬಹುಪಾಲು ಕೊನೆಗೆ ಮೂಟೆಯ ಲೆಕ್ಕದಲ್ಲಿ ಮಾರುಕಟ್ಟೆ ಸೇರುತ್ತದೆ. ಅಲ್ಲಿಯ ದೇಶಗಳು 2016ರಲ್ಲಿ ಇದನ್ನು ಹಂತಹಂತವಾಗಿ ನಿಲ್ಲಿಸಲು ಹೊರಟವು, ಅಮೆರಿಕ ಕಣ್ಣು ಕೆಂಪಗೆ ಮಾಡಿತು. ಪಟ್ಟು ಬಿಡದ ರುವಾಂಡದ ಉಡುಪಿಗೆ ಇದ್ದ ಸುಂಕ ರಿಯಾಯಿತಿಯನ್ನು 2018ರಲ್ಲಿ ತಡೆಹಿಡಿಯಿತು. ಬೇಡವೆಂದರೂ ಬಿಡದ ದಾನವದು. ದೊರೆಸಾನಿಯವರ ಹಳೆಯ ಚೂಡಿದಾರ ಇಂಥ ದೊಡ್ಡ ರಾಜಕಾರಣದಲ್ಲಿ ಸಿಕ್ಕಿಕೊಂಡಿದೆಯೆಂದು ಅವರಿಗೆ ಗೊತ್ತಿಲ್ಲ.

ಇದಕ್ಕೆ ದೊರೆಸಾನಿಯವರ ಕಡೆಯಿಂದ ಬರುವ ಮೊದಲ ಉತ್ತರ: ಗೋಡೆ ಮುಖ್ಯವಲ್ಲ, ಹೋಗಿಬಂದವರ ಹೃದಯ ಬದಲಾಗುತ್ತದೆ, ಮುಂದೆ ಬದುಕಿಡೀ ಕೊಡುತ್ತಾರೆ. ಒಳ್ಳೆಯ ಮಾತು, ಆದರೆ ವೆರ್ ಬೀಕ್ ಅದನ್ನೂ ವಿಚಾರಿಸಿದ್ದರು. ಹೋಗಿಬಂದವರಲ್ಲಿ ಹೆಚ್ಚಿನವರು ತಮ್ಮ ಬದುಕು ಬದಲಾಯಿತೆಂದರು. ಅವರ ಕಾಣಿಕೆಯ ಲೆಕ್ಕ ತೆಗೆದು ನೋಡಿದರೆ ಅಂಥ ಬದಲಾವಣೆ ಕಾಣಲಿಲ್ಲ. ಮನೆ ಪಡೆದವರಿಗೂ ಕಟ್ಟಿದವರು ಪರದೇಶದವರೋ ಊರಿನವರೋ ಎಂಬುದರಿಂದ ದೊಡ್ಡ ವ್ಯತ್ಯಾಸವೇನೂ ಆಗಿರಲಿಲ್ಲ. ಹೃದಯ ಕರಗಿದ್ದು ಸುಳ್ಳಲ್ಲ. ನೈರೋಬಿಯಲ್ಲಿ ಕರಗಿದ ಹೃದಯ ಮನೆಗೆ ಬಂದು ಫ್ರಿಜ್ಜಿನ ಬಾಗಿಲು ತೆಗೆಯುವಷ್ಟರಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಎರಡನೆಯ ಉತ್ತರ ಇನ್ನೂ ಚುರುಕು: ಮನೆಯಲ್ಲಿ ಕೂತು ಟೀಕೆ ಮಾಡುವವರಿಗಿಂತ ಹೋಗಿ ಕೈ ಮಣ್ಣು ಮಾಡಿಕೊಂಡವರು ಮೇಲಲ್ಲವೇ? ಕೈ ಮಣ್ಣಾಗುವುದೇ ಪುಣ್ಯವಾದರೆ ಅದಕ್ಕೆ ಆಫ್ರಿಕ ಬೇಕಿಲ್ಲ. ಮಕ್ತಲ್ ಸೀಮೆಯಿಂದ ಗುಳೆ ಹೋದವರ ಮಕ್ಕಳು ಹೈದರಾಬಾದಿನ ಕಟ್ಟಡಗಳ ಬುಡದಲ್ಲೇ, ದೊರೆಸಾನಿಯವರ ಅಪಾರ್ಟ್‌ಮೆಂಟಿನ ಗೇಟಿನಾಚೆ, ಮರಳಿನ ರಾಶಿಯ ಮೇಲೆ ಆಡುತ್ತಿರುತ್ತಾರೆ. ಅವರ ಹೆಸರು ಕೇಳಲು ವೀಸಾ ಬೇಡ, ಲಸಿಕೆ ಬೇಡ. ಆದರೆ ಅಲ್ಲಿ ತೆಗೆದ ಫೋಟೋವನ್ನು ಸಭೆಯ ಪರದೆಯ ಮೇಲೆ ಹಾಕಿದರೆ ಯಾರೂ ಸ್ತೋತ್ರ ಎನ್ನುವುದಿಲ್ಲ.

ಮೂರನೆಯ ಆಕ್ಷೇಪಣೆ ತೂಕದ್ದು. ಹಳೆಯ ದೊರೆಸಾನಿಯರೂ ಪರದೇಶದಿಂದಲೇ ಬಂದವರಲ್ಲವೇ; ಅವರು ಬರದಿದ್ದರೆ ಈ ಸೀಮೆಗೆ ಆಸ್ಪತ್ರೆ ಎಲ್ಲಿತ್ತು? ನಿಜವೇ. ಮಹಬೂಬನಗರ, ಗದ್ವಾಲದ ಕೆಲಸವನ್ನು ಅಮೆರಿಕದ ಬ್ಯಾಪ್ಟಿಸ್ಟರಿಂದ ವಹಿಸಿಕೊಂಡ ಮೆನ್ನೊನೈಟ್ ಬ್ರದರನ್ ಸಭೆಯ ಮೊದಲ ವೈದ್ಯೆ ಕ್ಯಾಥರೀನಾ ಶೆಲೆನ್‌ಬರ್ಗ್. ರಷ್ಯದಲ್ಲಿ ಹುಟ್ಟಿ, ಕಾನ್ಸಾಸಿನಲ್ಲಿ ಬೆಳೆದ ಆಕೆ 1907ರಲ್ಲಿ ನಿಜಾಮರ ಸೀಮೆಗೆ ಬಂದರು, 1945ರ ಜನವರಿ 1ರಂದು ಶಂಶಾಬಾದಿನಲ್ಲಿ ತೀರಿಕೊಂಡರು. 1907ಕ್ಕೂ 1945ಕ್ಕೂ ನಡುವೆ ಹತ್ತು ದಿನಗಳು ಎಷ್ಟು ಬಂದುಹೋಗಿರಬಹುದು, ಓದುಗರೇ ಭಾಗಿಸಿಕೊಳ್ಳಲಿ. ಆ ಕಾಲದವರಿಗೆ ದೋಷವಿರಲಿಲ್ಲವೆಂದಲ್ಲ. ಬಂಗಲೆ ಇತ್ತು, ಆಳುಕಾಳು ಇದ್ದರು, ದೊರೆತನದ ನೆರಳು ಇತ್ತು. ದೊರೆಸಾನಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಆದರೆ ಅವರು ಊರಿನ ಭಾಷೆ ಕಲಿತರು. ಭಾಷೆ ಕಲಿತವರನ್ನು ಊರು ಬೈಯಬಹುದು. ಔಷಧಿ ಹಿಡಿಯದಿದ್ದರೆ ಮುಖಕ್ಕೆ ಹೇಳಬಹುದು, ಮರುವಾರವೂ ಅಲ್ಲೇ ಸಿಗುತ್ತಾರೆ. ಎದುರಿಗೆ ಬೈಸಿಕೊಳ್ಳಬಲ್ಲವರು ಮಾತ್ರ ಸೇವೆ ಮಾಡಬಲ್ಲರು. ಹತ್ತು ದಿನದವರನ್ನು ಬೈಯಲು ಭಾಷೆಯೂ ಇಲ್ಲ, ಪುರುಸೊತ್ತೂ ಇಲ್ಲ. ಆದ್ದರಿಂದ ಎಲ್ಲರೂ ನಗುತ್ತಾರೆ, ನಕ್ಕದ್ದೆಲ್ಲ ಫೋಟೋದಲ್ಲಿ ಪ್ರೀತಿಯಾಗಿ ಬೀಳುತ್ತದೆ. ವಿಚಿತ್ರವೆಂದರೆ ಹೈದರಾಬಾದಿನಿಂದ ಹೊರಟ ದೊರೆಸಾನಿಯವರು ಆಫ್ರಿಕದ ವಿಮಾನ ಹತ್ತುವುದು ಅದೇ ಶಂಶಾಬಾದಿನಲ್ಲಿ. 2008ರಿಂದ ಹೈದರಾಬಾದಿನ ವಿಮಾನ ನಿಲ್ದಾಣ ಇರುವುದು ಅಲ್ಲೇ.

ಹಾಗಾದರೆ ಹತ್ತು ದಿನಕ್ಕೆ ಹೋದವರೆಲ್ಲ ದಂಡವೇ? ಅಲ್ಲ. ಅಲ್ಲಿಯ ಆಸ್ಪತ್ರೆ ತಾನಾಗಿ ಕರೆದು, ರೋಗಿಗಳನ್ನು ಸಾಲಾಗಿ ಕೂರಿಸಿ, ಆಮೇಲಿನ ಆರೈಕೆಯನ್ನು ತಾನೇ ನೋಡಿಕೊಳ್ಳುವುದಾದರೆ, ಕಣ್ಣಿನ ಪೊರೆ ತೆಗೆಯುವ ವೈದ್ಯೆಗೆ ಹತ್ತು ದಿನ ಬೇಕಾದಷ್ಟಾಯಿತು. ಗದ್ವಾಲ ಸೀರೆಯಲ್ಲಿ ಒಡಲು ನೂಲಿನದು, ಅಂಚು ಮತ್ತು ಸೆರಗು ರೇಷ್ಮೆಯದು. ನೇಯುವಾಗಲೇ ಎಳೆಗೆ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸುತ್ತಾರೆ. ಕಣ್ಣಿಗೆ ಬೀಳುವುದು ಅಂಚೇ, ಮಾನ ಮುಚ್ಚುವುದು ಒಡಲು. ಊರಿನವರ ಮೂವತ್ತು ವರ್ಷದ ಕೆಲಸವೆಂಬ ಒಡಲಿದ್ದರೆ ಹತ್ತು ದಿನದ ರೇಷ್ಮೆಯಂಚು ಒಪ್ಪುತ್ತದೆ. ಒಡಲಿಲ್ಲದೆ ಬರೀ ಅಂಚು ಸುತ್ತಿಕೊಂಡು ಹೊರಟವರಿಗೆ ಏನು ಹೇಳುವುದು?

ಹೇಳಲು ನಮ್ಮಲ್ಲೇ ಒಂದು ಮಾತಿದೆ: ಯಾತ್ರೆ. ಜೂರಾಲ ಅಣೆಕಟ್ಟಿನ ಮೇಲುಗಡೆ, ಕೃಷ್ಣೆಯ ನಡುಗಡ್ಡೆಯಲ್ಲಿ ಶ್ರೀಪಾದ ಶ್ರೀವಲ್ಲಭರ ಕುರುವಪುರವಿದೆ. ಜನ ದೂರದೂರದಿಂದ ಬಂದು, ನೀರು ದಾಟಿ, ದರ್ಶನ ಮಾಡಿ ಮರಳುತ್ತಾರೆ. ಯಾರೊಬ್ಬರೂ ಹೊಳೆಗೆ ಉಪಕಾರ ಮಾಡಿ ಬಂದೆವು ಎನ್ನುವುದಿಲ್ಲ. ದಾಟಿಸಿದ ಅಂಬಿಗನಿಗೆ ಕೂಲಿ ಕೊಟ್ಟು, ಪುಣ್ಯ ತಮ್ಮದು ಎಂದು ಒಪ್ಪಿಕೊಂಡು ಬರುತ್ತಾರೆ. ಅಣೆಕಟ್ಟು ನೋಡಲು ಬಂದವರೂ ಅಲ್ಲಿಯೇ ಕರಿದ ಮೀನು ತಿಂದು ದುಡ್ಡು ಕೊಟ್ಟು ಹೋಗುತ್ತಾರೆ; ಮೀನು ತಿಂದು ಜೂರಾಲವನ್ನು ಉದ್ಧಾರ ಮಾಡಿದೆವೆಂದು ವರದಿ ಬರೆಯುವುದಿಲ್ಲ. ಇವಾನ್ ಇಲ್ಲಿಚ್ ಎಂಬ ಪಾದ್ರಿ 1968ರಲ್ಲಿ ಮೆಕ್ಸಿಕೋದಲ್ಲಿ ಅಮೆರಿಕದ ಸ್ವಯಂಸೇವಕರ ಎದುರಿಗೇ ನಿಂತು ಹೇಳಿದ್ದರ ಸಾರವೂ ಇದೇ: ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡುತ್ತೇವೆಂದು ಮಾತ್ರ ಬರಬೇಡಿ. ದೊರೆಸಾನಿಯವರು ಆಫ್ರಿಕಕ್ಕೆ ಖಂಡಿತ ಹೋಗಲಿ. ಜೀವಮಾನವೆಲ್ಲ ಅಡುಗೆಮನೆ, ಶಾಲೆ, ಸಭೆ ಎಂದು ಸುತ್ತಿದ ಹೆಂಗಸು ಅರವತ್ತಕ್ಕೆ ಸಿಂಹ ನೋಡುವುದರಲ್ಲಿ ಯಾವ ಪಾಪವೂ ಇಲ್ಲ. ಗಂಡಸರು ಕಾರಣ ಹೇಳದೆಯೇ ಊರು ಸುತ್ತುತ್ತಾರೆ, ಹೆಂಗಸಿಗೆ ಮಾತ್ರ ಸೇವೆಯ ನೆಪ ಬೇಕಾಗಿರುವುದು ನಮ್ಮ ಮನೆಗಳ ದೋಷ. ಹೋಗಿ, ಅವರ ಆರಾಧನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಅವರ ಹಾಡು ಕೇಳಿ, ಊಟಕ್ಕೆ ದುಡ್ಡು ಕೊಟ್ಟು, ಬಟ್ಟೆ ಬೇಕಾದರೆ ಅಲ್ಲಿಯ ದರ್ಜಿಯಿಂದ ಹೊಲಿಸಿಕೊಂಡು ಬರಲಿ. ಗೋಡೆಯ ಬಣ್ಣವನ್ನು ಅಲ್ಲಿಯ ಪೇಂಟರನಿಗೆ ಬಿಡಲಿ; ಅವನಿಗೂ ಮಕ್ಕಳಿದ್ದಾರೆ. ಬ್ಯಾನರಿನಲ್ಲಿ ಸೇವೆ ಎಂದಿರುವ ಕಡೆ ಯಾತ್ರೆ ಎಂದು ತಿದ್ದಿಸಿದರೆ ಸಾಕು, ಖರ್ಚು ಒಂದು ಪದದ್ದು.