ಇನ್ನೂ ಹುಟ್ಟದ ಕಾರ್ಖಾನೆಗೆ ಕ್ಯಾಂಟೀನಿನವನ ಬಹಿರಂಗ ಪತ್ರ

ಕಳಂಬೊಲಿ, ನವಿ ಮುಂಬೈ
18 ಜನವರಿ 2026, ಭಾನುವಾರ

ಇವರಿಗೆ:
ಚಿಪ್ ಕಾರ್ಖಾನೆ (ಆಗಬೇಕಿದ್ದದ್ದು),
ತಳೋಜಾ, ಪನವೇಲ್ ತಾಲೂಕು, ರಾಯಗಡ ಜಿಲ್ಲೆ.

ಮಾನ್ಯ ಕಾರ್ಖಾನೆಯವರೇ,

ನಾವಿಲ್ಲಿ ಕ್ಷೇಮ. ನೀವು ಎಲ್ಲಿಯೂ ಇಲ್ಲವಾದ್ದರಿಂದ ನಿಮ್ಮ ಕ್ಷೇಮಕ್ಕೂ ಏನೂ ಆಗಿರಲಾರದು ಎಂದು ನಂಬಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕಿದರೆ ಪೋಸ್ಟ್‌ಮ್ಯಾನ್ ತಳೋಜಾ ಎಂಐಡಿಸಿಯನ್ನೆಲ್ಲ ಸುತ್ತಿ, ಬೆವರು ಒರೆಸಿಕೊಳ್ಳುತ್ತಾ ಅದನ್ನು ನನ್ನ ಗಲ್ಲಾದ ಮೇಲೇ ತಂದಿಡುತ್ತಾನೆ. ಜೊತೆಗೆ ಒಂದು ಕಟಿಂಗ್ ಚಹಾ ನನಗೇ ಖರ್ಚು. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಊರು ಕುಂದಾಪುರದ ಕಡೆ. ಕಳಂಬೊಲಿ ಸ್ಟೀಲ್ ಮಾರ್ಕೆಟ್ಟಿನ ಹತ್ತಿರ ಎಂಟು ಮೇಜಿನ ಸಣ್ಣ ಉಡುಪಿ ಹೋಟೆಲು. ನಿಮ್ಮ ಕ್ಯಾಂಟೀನಿನ ಗುತ್ತಿಗೆದಾರ ನಾನೇ. ನಿಮಗೆ ಗೊತ್ತಿರಲಿಕ್ಕಿಲ್ಲ, ಮನಸ್ಸಿನಲ್ಲೇ ಗುತ್ತಿಗೆ ಹಿಡಿದಿದ್ದೆ.

2024ರ ಸೆಪ್ಟೆಂಬರ್ 5, ಚೌತಿಗೆ ಇನ್ನು ಎರಡೇ ದಿನ. ಹೋಟೆಲಿನ ಟೀವಿಯಲ್ಲಿ ನಿಮ್ಮ ಹೆಸರು ಬಂತು. ಇಸ್ರೇಲಿನ ಟವರ್ ಸೆಮಿಕಂಡಕ್ಟರ್ ಕಂಪನಿ ಮತ್ತು ಅದಾನಿ ಗುಂಪು ಸೇರಿ ಪನವೇಲಿನಲ್ಲಿ ಚಿಪ್ ಕಾರ್ಖಾನೆ ಕಟ್ಟುವುದಕ್ಕೆ ಮಹಾರಾಷ್ಟ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ ಎಂದು ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಸಾರಿದ್ದರು. ಮೊದಲ ಹಂತಕ್ಕೆ 58,763 ಕೋಟಿ, ಎರಡನೆಯದಕ್ಕೆ 25,184 ಕೋಟಿ, ಒಟ್ಟು 83,947 ಕೋಟಿ ರೂಪಾಯಿ. ತಿಂಗಳಿಗೆ ಮೊದಲು 40,000 ವೇಫರ್, ಆಮೇಲೆ 80,000. ಉದ್ಯೋಗ ಐದು ಸಾವಿರಕ್ಕೂ ಮೇಲೆ.

ಕೋಟಿಯ ಲೆಕ್ಕ ನನ್ನ ತಲೆಗೆ ಹತ್ತುವಂಥದ್ದಲ್ಲ. ಐದು ಸಾವಿರ ಹತ್ತುತ್ತದೆ. ತಲೆಗೆ ಎರಡು ಇಡ್ಲಿಯಂತೆ ಹತ್ತು ಸಾವಿರ ಇಡ್ಲಿ. ಚಟ್ನಿಗೆ ಎಷ್ಟು ತೆಂಗಿನಕಾಯಿ ಎಂದು ಆ ರಾತ್ರಿಯೇ ಬಿಲ್ ಪುಸ್ತಕದ ಹಿಂದೆ ಗುಣಿಸಿದೆ. ನನ್ನ ಹೆಂಡತಿಗೆ ಮಾತ್ರ ಅನುಮಾನ ಬಂತು. "ಇಷ್ಟು ದುಡ್ಡು ಹಾಕಿ ತಿಂಗಳಿಗೆ ನಲವತ್ತು ಸಾವಿರ ವೇಫರ್ರಾ? ಮಾಟುಂಗದ ಅಂಗಡಿಯವರು ಬಾಳೆಕಾಯಿಯದ್ದೇ ಅದಕ್ಕಿಂತ ಹೆಚ್ಚು ಕರೀತಾರೆ" ಅಂದಳು. ಅವಳದ್ದೇನೂ ತಪ್ಪಲ್ಲ. ಊರಲ್ಲಿ ನಾವು ಚಿಪ್ಸ್ ಅನ್ನುವುದನ್ನು ಮುಂಬೈಯಲ್ಲಿ ವೇಫರ್ ಅನ್ನುತ್ತಾರೆ. ನಿಮ್ಮಲ್ಲೋ, ವೇಫರನ್ನು ಕೊಯ್ದರೆ ಚಿಪ್ ಆಗುತ್ತದಂತೆ. ಎರಡೂ ಒಂದೇ ಅಡುಗೆಮನೆಯ ಮಾತಿನ ಹಾಗೆ ಕೇಳಿದ್ದರಿಂದಲೇ ನಾನು ನಿಮ್ಮನ್ನು ನಂಬಿದ್ದು ಕಾಣುತ್ತದೆ.

ನಂಬಿ ಏನು ಮಾಡಿದೆ? ಸಾಲ ತೆಗೆದು ದೊಡ್ಡ ಇಡ್ಲಿ ಸ್ಟೀಮರ್ ತಂದೆ, ಇಪ್ಪತ್ತು ಲೀಟರಿನ ಗ್ರೈಂಡರ್ ತಂದೆ. ಇಬ್ಬರು ಹುಡುಗರನ್ನು ಕೆಲಸಕ್ಕಿಟ್ಟುಕೊಂಡೆ. ಒಬ್ಬ ಬೈಂದೂರಿನವ, ಇನ್ನೊಬ್ಬ ಕಲಬುರಗಿ ಜಿಲ್ಲೆಯ ಆಳಂದದ ಕಡೆಯವ. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ನಾನು ಕುಲಾವಿಯ ಜೊತೆಗೆ ಕೂಸಿಗೆ ಇಬ್ಬರು ದಾದಿಯರನ್ನೂ ನೇಮಿಸಿದೆ.

2025ರ ಏಪ್ರಿಲ್ ಕೊನೆಯ ಹೊತ್ತಿಗೆ ರಾಯಿಟರ್ಸ್ ಸುದ್ದಿ ಬಂತು. ಅದಾನಿಯವರು ಟವರ್ ಜೊತೆಗಿನ ಮಾತುಕತೆ ನಿಲ್ಲಿಸಿದ್ದಾರೆ. ಒಳಗೇ ಕೂತು ಲೆಕ್ಕ ಹಾಕಿದಾಗ ವ್ಯಾಪಾರವಾಗಿ ಗಿಟ್ಟುವಂತೆ ಕಾಣಲಿಲ್ಲ. ಗಮನಿಸಿ, ಮುರಿದಿಲ್ಲ, ನಿಲ್ಲಿಸಿದ್ದಾರೆ. ಆ ಲೆಕ್ಕವನ್ನು ಚೌತಿಗೆ ಮುಂಚೆ ಯಾಕೆ ಹಾಕಲಿಲ್ಲ ಎಂದು ಕೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ನವೆಂಬರಿನಲ್ಲಿ ವಿಧಾನಸಭೆ ಚುನಾವಣೆ ಇತ್ತು ಎಂಬುದು ಮಾತ್ರ ನೆನಪಿದೆ, ಯಾಕೆಂದರೆ ಆ ಹದಿನೈದು ದಿನ ವಡಾಪಾವ್ ಚೆನ್ನಾಗಿ ಹೋಯಿತು.

ಜೂನ್‌ನಲ್ಲಿ ಹುಡುಗರಿಬ್ಬರನ್ನೂ ತೆಗೆದೆ. ಅಂದರೆ ಮಾನ್ಯರೇ, ಒಂದು ಇಟ್ಟಿಗೆಯನ್ನೂ ಇಡುವ ಮುಂಚೆಯೇ ನಿಮ್ಮಲ್ಲಿ ಲೇಆಫ್ ಆಯಿತು. ನಿಮ್ಮ ಹೆಸರಿನಲ್ಲಿ ಆವರೆಗೆ ಕೆಲಸಕ್ಕೆ ಸೇರಿದವರು ಅವರಿಬ್ಬರೇ ಆದ್ದರಿಂದ ಪ್ರಮಾಣ ಶೇಕಡಾ ನೂರು. ಇಂಟೆಲ್‌ನಂಥ ಇಂಟೆಲ್ 2024ರ ಆಗಸ್ಟಿನಲ್ಲಿ ಸುಮಾರು ಹದಿನೈದು ಸಾವಿರ ಜನರನ್ನು ತೆಗೆಯುತ್ತೇನೆ ಎಂದಾಗ ಅದು ಶೇಕಡಾ ಹದಿನೈದು ಅಷ್ಟೆ. ಜರ್ಮನಿಯಲ್ಲಿ, ಪೋಲೆಂಡಿನಲ್ಲಿ ಕಟ್ಟುತ್ತೇನೆ ಎಂದದ್ದನ್ನು ಅವರೂ ಮರುವರ್ಷ ಕೈಬಿಟ್ಟರು. ಆದರೂ ನಿಮ್ಮ ದಾಖಲೆಯನ್ನು ಮುರಿಯುವುದು ಅವರಿಂದಾಗದು.

ಈ ಅಂಕಿಗಳೆಲ್ಲ ನನಗೆ ಗೊತ್ತಾದದ್ದು ಅಕ್ಕನ ಮಗನಿಂದ. ಅವನೂ ಚಿಪ್ಪಿನವನೇ. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಡಿಸೈನ್ ಕೆಲಸ. ಕಂಪನಿಯ ಹೆಸರು ಬೇಡ. ಒಂದು ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್. ಮಧ್ಯಾಹ್ನದ ಊಟಕ್ಕೆ ಮುಂಚೆ ಲ್ಯಾಪ್‌ಟಾಪ್ ತಾನಾಗಿಯೇ ಬೀಗ ಹಾಕಿಕೊಂಡಿತಂತೆ. ಮನೆ ಸಾಲದ ಕಂತು ಮಾತ್ರ ಬೀಗ ಹಾಕಿಕೊಳ್ಳಲಿಲ್ಲ. ಹವಾ ಬದಲಾಗಲಿ ಎಂದು ಇಲ್ಲಿಗೆ ಬಂದು ಎರಡು ವಾರ ನನ್ನ ಗಲ್ಲಾದ ಪಕ್ಕ ಕೂತ. ಕೂತವನು ಸುಮ್ಮನಿರದೆ ನನಗೆ ವೇಫರಿನ ಪಾಠ ಮಾಡಿದ.

"ಮಾವ, ಈಗಿನ ದೊಡ್ಡ ವೇಫರ್ ಅಂದರೆ ಮುನ್ನೂರು ಮಿಲಿಮೀಟರ್ ಅಗಲ. ನಿಮ್ಮ ಸೆಟ್ ದೋಸೆಗಿಂತ ದೊಡ್ಡದು, ಪೇಪರ್ ದೋಸೆಗಿಂತ ಸಣ್ಣದು. ಅದರ ಮೇಲೆ ಬೆಳಕಿನಿಂದ ನಕ್ಷೆ ಬರೆಯುವುದು, ಕೊರೆಯುವುದು, ತೊಳೆಯುವುದು, ಮತ್ತೆ ಬರೆಯುವುದು. ನೂರಾರು ಸಲ. ಎರಡು ಮೂರು ತಿಂಗಳು ಹಿಡಿಯುತ್ತದೆ. ನಡುವೆ ಒಂದು ಧೂಳಿನ ಕಣ ಕೂತರೆ ಆ ಜಾಗದ ಚಿಪ್ ಹೋಯಿತು. ಕೊನೆಗೆ ನೂರಕ್ಕೆ ಎಷ್ಟು ಒಳ್ಳೆಯದು ಉಳೀತು ಅನ್ನುವುದೇ ಯೀಲ್ಡ್. ಎಲ್ಲ ಜಗಳವೂ ಅದರ ಮೇಲೇ."

ಯೀಲ್ಡ್. ಒಳ್ಳೆಯ ಮಾತು. ನಾನು ಘೋಷಣೆಗಳ ಯೀಲ್ಡ್ ಲೆಕ್ಕ ಹಾಕಲು ಕೂತೆ.

ಮೊದಲು ನಮ್ಮ ಮಹಾರಾಷ್ಟ್ರದ್ದೇ. ಪುಣೆ ಹತ್ತಿರದ ತಳೇಗಾಂವಿಗೆ ಬಂದೇಬಿಟ್ಟಿತು ಎಂದಿದ್ದ ವೇದಾಂತ-ಫಾಕ್ಸ್‌ಕಾನ್ ಯೋಜನೆ 2022ರ ಸೆಪ್ಟೆಂಬರಿನಲ್ಲಿ ಗುಜರಾತಿನ ಜೊತೆ ಸಹಿ ಹಾಕಿತು. ಬೆಲೆ 1.54 ಲಕ್ಷ ಕೋಟಿ. ಇಲ್ಲಿ ಬೀದಿಯಲ್ಲಿ ಕೂಗಾಟವೋ ಕೂಗಾಟ. 2023ರ ಜುಲೈನಲ್ಲಿ ಫಾಕ್ಸ್‌ಕಾನ್ ಹಿಂದೆ ಸರಿಯಿತು. ಅಂದರೆ ನಮ್ಮಿಂದ ಕಸಿದುಕೊಂಡದ್ದು ಅವರಿಗೂ ಸಿಗಲಿಲ್ಲ. ಸಿಗದ ವಸ್ತುವಿಗಾಗಿ ಎರಡು ರಾಜ್ಯಗಳು ಹತ್ತು ತಿಂಗಳು ಮಾತು ಬಿಟ್ಟಿದ್ದವು.

ಆಮೇಲೆ ನಮ್ಮ ಕನ್ನಡನಾಡು. ಮೈಸೂರಿನ ಹತ್ತಿರ ಕೋಚನಹಳ್ಳಿ ಎಂಬ ಜಾಗ ಇದೆ. 2022ರ ಮೇ 1ರಂದು ಐಎಸ್‌ಎಂಸಿ ಎಂಬ ಕಂಪನಿ ಅಲ್ಲಿಗೆ 22,900 ಕೋಟಿಯ ಕಾರ್ಖಾನೆ ತರುತ್ತೇನೆ ಎಂದು ಕರ್ನಾಟಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಅದರ ತಂತ್ರಜ್ಞಾನ ಯಾರದ್ದು ಗೊತ್ತೇ? ಅದೇ ಟವರ್‌ನದು, ಅಂದರೆ ನಿಮ್ಮ ತಾಯಿಮನೆಯವರದ್ದೇ. ಅಷ್ಟರಲ್ಲಾಗಲೇ ಇಂಟೆಲ್ ಟವರನ್ನೇ 5.4 ಬಿಲಿಯನ್ ಡಾಲರಿಗೆ ಕೊಳ್ಳುತ್ತೇನೆ ಎಂದು ಬಂದದ್ದರಿಂದ ಕೋಚನಹಳ್ಳಿ ಕಾಯುತ್ತಾ ಕೂತಿತು. ಚೀನಾದ ಒಪ್ಪಿಗೆ ಸಿಗದೆ 2023ರ ಆಗಸ್ಟಿನಲ್ಲಿ ಆ ಸಂಬಂಧವೂ ಮುರಿಯಿತು. ಮುರಿದದ್ದಕ್ಕೆ ಇಂಟೆಲ್ ಟವರಿಗೆ 353 ಮಿಲಿಯನ್ ಡಾಲರ್ ಕಟ್ಟಿಕೊಟ್ಟಿತು. ದೊಡ್ಡವರ ಮನೆಯಲ್ಲಿ ನಿಶ್ಚಿತಾರ್ಥ ಮುರಿದರೂ ಮರ್ಯಾದೆಗೆ ಒಂದು ಬೆಲೆ ಇದೆ. ಚಪ್ಪರ ಹಾಕಿ ಕೂತಿದ್ದ ಕೋಚನಹಳ್ಳಿಗೆ ಯಾರೂ ಒಂದು ತೆಂಗಿನಕಾಯಿ ಕೊಟ್ಟ ಸುದ್ದಿ ಇಲ್ಲ. ಮತ್ತೆ 2024ರ ಡಿಸೆಂಬರಿನಲ್ಲಿ ಅದೇ ಕೋಚನಹಳ್ಳಿಗೆ ಜೋಹೋ ಕಂಪನಿಯವರ ಚಿಪ್ ಯೋಜನೆ, ಸುಮಾರು 3,426 ಕೋಟಿ, 460 ಉದ್ಯೋಗ. 2025ರ ಮೇ ಮೊದಲ ದಿನಗಳಲ್ಲಿ, ತಂತ್ರಜ್ಞಾನದ ಬಗ್ಗೆ ಸಾಕಷ್ಟು ಧೈರ್ಯ ಬರಲಿಲ್ಲ ಎಂದು ಅವರೂ ಬಿಟ್ಟರು. ಅವರ ಸುದ್ದಿ ಮತ್ತು ನಿಮ್ಮ ಸುದ್ದಿ ಎರಡೂ ಒಂದೇ ವಾರದಲ್ಲಿ ಬಂದವು. ಧೈರ್ಯ ಬರಲಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಕ್ಕೆ ಜೋಹೋದವರಿಗೆ ನನ್ನ ಲೆಕ್ಕದಲ್ಲಿ ಒಂದು ಫಿಲ್ಟರ್ ಕಾಫಿ ಬಾಕಿ ಇದೆ.

ತಳೇಗಾಂವ್, ಕೋಚನಹಳ್ಳಿ ಎರಡು ಸಲ, ತಳೋಜಾ. ನಾಲ್ಕಕ್ಕೆ ಸೊನ್ನೆ. ನಮ್ಮ ಹೋಟೆಲಿನಲ್ಲಿ ನಾಲ್ಕಕ್ಕೆ ನಾಲ್ಕೂ ದೋಸೆ ಕಾವಲಿಗೆ ಅಂಟಿದರೆ ಭಟ್ಟರನ್ನು ಕರೆದು ಕೇಳುತ್ತೇವೆ. ಇಲ್ಲಿ ಭಟ್ಟರು ಐದನೆಯ ದೋಸೆಯ ಉದ್ದಗಲ ಘೋಷಿಸುತ್ತಿರುತ್ತಾರೆ. ಎಲ್ಲ ಕಡೆಯೂ ಹೀಗೆಯೇ ಎಂದರೆ ಸುಳ್ಳಾದೀತು. ಗುಜರಾತಿನ ಸಾಣಂದಿನಲ್ಲಿ ಮೈಕ್ರಾನ್, ಧೊಲೇರಾದಲ್ಲಿ ಟಾಟಾದವರು ನಿಜವಾಗಿಯೂ ಕಟ್ಟುತ್ತಿದ್ದಾರೆ. ಆದರೆ ಕಳಂಬೊಲಿಯಿಂದ ಸಾಣಂದಿಗೆ ಸಾಂಬಾರು ಬಿಸಿಯಾಗಿ ತಲುಪುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮುಂಬೈ ಚಿಪ್ ಉದ್ಯಮದಲ್ಲಿ ಜಗತ್ತನ್ನೇ ಹಿಂದಿಕ್ಕಿದೆ. ದಲಾಲ್ ಸ್ಟ್ರೀಟಿನಲ್ಲಿ ಹೆಸರಿನಲ್ಲಷ್ಟೇ ಸೆಮಿಕಂಡಕ್ಟರ್ ಇರುವ ಒಂದು ಕಂಪನಿಯ ಶೇರು ಇಪ್ಪತ್ತು ತಿಂಗಳಲ್ಲಿ ಶೇಕಡಾ 55,000ಕ್ಕೂ ಹೆಚ್ಚು ಏರಿತು ಎಂದು ಹೋದ ಡಿಸೆಂಬರಿನಲ್ಲಿ ಓದಿದೆ. ಪೂರ್ಣಾವಧಿ ನೌಕರರು ಇಬ್ಬರು. ಚಿಪ್ ಮಾಡುವ ಕೆಲಸ ಇನ್ನೂ ಶುರುವಾಗಿಲ್ಲ ಎಂದು ಕಂಪನಿಯೇ ಹೇಳಿಕೊಂಡಿದೆ. ಹೆಸರು ಬರೆಯುವುದಿಲ್ಲ, ಬರೆದರೆ ನಾಳೆ ಮತ್ತೆ ಏರೀತು. ಅಕ್ಕನ ಮಗ ಇದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾವ, ಹತ್ತು ಸಾವಿರ ಜನ ಇದ್ದ ಕಡೆ ಕೆಲಸದವರನ್ನು ತೆಗೆದರೆ ಶೇರು ಏರುತ್ತದೆ. ಇವರು ಮೊದಲೇ ಯಾರನ್ನೂ ಸೇರಿಸಿಕೊಂಡಿಲ್ಲ. ಜಾಣರು" ಅಂದ.

ಇನ್ನು ಇವತ್ತಿನ ತಾರೀಕಿನ ವಿಷಯ. ಜನವರಿ 18. 1982ರ ಇದೇ ದಿನ ಮುಂಬೈಯ ಗಿರಣಗಾಂವಿನ ಬಟ್ಟೆ ಗಿರಣಿಗಳಲ್ಲಿ ಸಂಪು ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಮುಂದಾಳು ಡಾಕ್ಟರ್ ದತ್ತಾ ಸಾಮಂತ್. ಆ ಕಾರ್ಮಿಕರಲ್ಲಿ ನನ್ನ ಅಪ್ಪ ಒಬ್ಬರು. ಹನ್ನೆರಡು ವರ್ಷದವರಿದ್ದಾಗ ಊರಿನಿಂದ ಓಡಿ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತು, ಪರೇಲಿನ ಒಂದು ಮಿಲ್ಲಿನ ಕ್ಯಾಂಟೀನಿಗೆ ಸೇರಿ, ಅಲ್ಲಿಂದ ಬದ್ಲಿಯಾಗಿ ಖಾತೆಯ ಒಳಗೆ ಹೋದವರು. ಬದ್ಲಿ ಅಂದರೆ ನಿಮಗೆ ತಿಳಿಯಲಿಕ್ಕಿಲ್ಲ. ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ದಿನವೂ ಗೇಟಿನ ಹತ್ತಿರ ನಿಲ್ಲಬೇಕು. ಯಾರಾದರೂ ಕಾಯಂ ಆಳು ಬರದಿದ್ದರೆ ಅವನ ಮಗ್ಗ ಇವನಿಗೆ. ಎಲ್ಲರೂ ಬಂದರೆ ಮನೆಗೆ. ಅಕ್ಕನ ಮಗ ಇದನ್ನು ಕೇಳಿ, ನಮ್ಮಲ್ಲಿ ಇದಕ್ಕೆ ಬೆಂಚ್ ಅನ್ನುತ್ತಾರೆ, ಕೂರಲು ಜಾಗವಾದರೂ ಕೊಡುತ್ತಾರೆ ಅಂದ.

ಆ ಸಂಪನ್ನು ಇವತ್ತಿನವರೆಗೂ ಯಾರೂ ವಿಧಿವತ್ತಾಗಿ ಹಿಂದಕ್ಕೆ ತೆಗೆದುಕೊಂಡಿಲ್ಲ. ಕೆಲವರು ಒಳಗೆ ಹೋದರು, ಹೆಚ್ಚಿನವರು ಊರಿಗೆ ಹೋದರು, ಮಿಲ್ಲುಗಳು ಮುಚ್ಚಿದವು, ಸಾಮಂತರನ್ನು 1997ರ ಜನವರಿಯಲ್ಲಿ ಪವಾಯಿಯಲ್ಲಿ ಗುಂಡಿಟ್ಟು ಕೊಂದರು, ಫೀನಿಕ್ಸ್ ಮಿಲ್ಲು ಮಾಲ್ ಆಯಿತು, ಚಿಮಣಿಯೊಂದು ಮಾತ್ರ ಅಲ್ಲೇ ನಿಂತಿದೆ. ಸಂಪು ಮುಗಿಯಲಿಲ್ಲ. ಹಾಗಾಗಿ ಅಪ್ಪ ತಮ್ಮನ್ನು ಯಾರೂ ಕೆಲಸದಿಂದ ತೆಗೆದಿಲ್ಲ ಎಂದೇ ವಾದಿಸುತ್ತಿದ್ದರು. "ನಾನು ಸಂಪಿನಲ್ಲಿದ್ದೇನೆ ಮಾರಾಯ" ಅನ್ನುತ್ತಾ ಇಪ್ಪತ್ತೈದು ವರ್ಷ ಬೇರೆಯವರ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟಿದರು. ಗಿರಣಿಯವರಿಗೆ ಮನೆ ಕೊಡುವ ಅರ್ಜಿಯನ್ನೂ ತುಂಬಿದ್ದರು. ಹೆಸರು ಬರಲಿಲ್ಲ. ಬಂದವರಲ್ಲಿ 2,400ಕ್ಕೂ ಹೆಚ್ಚು ಜನರಿಗೆ 2016ರ ಲಾಟರಿಯಲ್ಲಿ ಮನೆ ಹೊಡೆದದ್ದು ಎಲ್ಲಿ ಅಂತೀರಿ? ಪರೇಲಿನಲ್ಲಲ್ಲ, ನಮ್ಮ ಪನವೇಲಿನ ಕೋನ್‌ನಲ್ಲಿ. ಕೀಲಿ ಕೈಗೆ ಬರುವ ಮುಂಚೆ ಕೋವಿಡ್ ಬಂದು ಆ ಕಟ್ಟಡಗಳು ಕ್ವಾರಂಟೈನ್ ಕೇಂದ್ರವಾದವು. ಮುಂಬೈ ಯಾವುದನ್ನು ಮುಗಿಸಲಾರದೋ ಅದನ್ನು ಪನವೇಲಿಗೆ ಕಳಿಸುತ್ತದೆ. ನಿಮ್ಮನ್ನೂ ಹಾಗೆಯೇ ಕಳಿಸಿರಬೇಕು.

ನೀವು ಬಂದಿದ್ದರೆ ನಿಮ್ಮ ನೆರೆಹೊರೆಯಾದರೂ ಎಂಥದ್ದು! ತಳೋಜಾದಲ್ಲಿ ಒಂದು ಸೆಂಟ್ರಲ್ ಜೈಲಿದೆ. ಲೇಆಫ್ ಇಲ್ಲದ, ಒಮ್ಮೆ ಸೇರಿದರೆ ಸುಲಭಕ್ಕೆ ಬಿಡದ ಏಕೈಕ ಸಂಸ್ಥೆ. ಕಾಸಾಡಿ ನದಿ ಇದೆ. 2017ರಲ್ಲಿ ಕಾರ್ಖಾನೆಯ ಬಣ್ಣದ ನೀರಿನಿಂದಾಗಿ ಇಲ್ಲಿಯ ಬೀದಿನಾಯಿಗಳು ನೀಲಿಯಾಗಿ ತಿರುಗಿದ್ದು ದೇಶವೆಲ್ಲ ನೋಡಿದೆ. ಒಂದು ಧೂಳಿನ ಕಣ ಕೂತರೆ ಕೆಡುವ ವಸ್ತುವನ್ನು ನಾಯಿ ನೀಲಿಯಾಗುವ ಊರಿನಲ್ಲಿ ಮಾಡುತ್ತೇನೆ ಎಂದ ನಿಮ್ಮ ಧೈರ್ಯಕ್ಕೆ ನಾನು ಆಗಲೇ ಕೈಮುಗಿಯಬೇಕಿತ್ತು.

ಪತ್ರ ಬರೆದದ್ದು ಬೈಯುವುದಕ್ಕಲ್ಲ, ಒಂದು ಸಣ್ಣ ಕೆಲಸವಿದೆ. ಅಕ್ಕನ ಮಗನಿಗೆ ಅವನ ಕಂಪನಿ ನಾಲ್ಕು ತಿಂಗಳ ಸಂಬಳವನ್ನೂ ಒಂದು ರಿಲೀವಿಂಗ್ ಲೆಟರನ್ನೂ ಕೊಟ್ಟಿದೆ. ಅದಿಲ್ಲದೆ ಬೇರೆ ಕಡೆ ಸೇರಿಸಿಕೊಳ್ಳುವುದಿಲ್ಲವಂತೆ. ನನ್ನ ಹುಡುಗರಿಬ್ಬರಿಗೂ ನಿಮ್ಮಿಂದ ಅಂಥದ್ದೊಂದು ಬೇಕು. ದುಡ್ಡು ಬೇಡ. 'ಇವರು ನಮ್ಮಲ್ಲಿ ಒಂಬತ್ತು ತಿಂಗಳು ನಿರೀಕ್ಷೆಯ ವಿಭಾಗದಲ್ಲಿ ಪ್ರಾಮಾಣಿಕವಾಗಿ ದುಡಿದರು' ಎಂದು ಎರಡು ಸಾಲು, ಕೆಳಗೆ ಒಂದು ಠಸ್ಸೆ. ಬೈಂದೂರಿನವ ಮಸ್ಕತ್ತಿಗೆ ಹೋಗುವ ಅಂದಾಜಿನಲ್ಲಿದ್ದಾನೆ, ಅವನಿಗೆ ಉಪಯೋಗವಾದೀತು. ಆಳಂದದವನಿಗೆ ಮಾತ್ರ ಕಳಿಸಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಹೋಗುವಾಗ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತು, "ಅಣ್ಣಾರ, ಕಂಪನಿ ಬಂತಂದ್ರ ನಂಗೊಂದು ಫೋನ್ ಹಚ್ರಿ" ಅಂದಿದ್ದಾನೆ. ಅಪ್ಪನ ಹಾಗೆಯೇ ಅವನಿಗೂ ತನ್ನನ್ನು ಯಾರೂ ತೆಗೆದಿಲ್ಲ ಎಂಬ ನಂಬಿಕೆ.

ಇಂತಿ,
ನಿಮ್ಮ ಕ್ಯಾಂಟೀನಿನವ

ತಾ.ಕ.: ಇಡ್ಲಿ ಸ್ಟೀಮರನ್ನು ಇನ್ನೂ ಮಾರಿಲ್ಲ. ಮೊನ್ನೆ ಒಬ್ಬ ಬ್ರೋಕರ್ ಬಂದು, ಚಿಪ್ ಹೋಗಲಿ ಬಿಡಿ ಶೆಟ್ರೇ, ಈ ಕಡೆಗೆಲ್ಲ ಡೇಟಾ ಸೆಂಟರ್ ಬರ್ತಾ ಇದೆ, ಸಾವಿರಾರು ಕೋಟಿ ಅಂದ. ಕೆಲಸಕ್ಕೆ ಎಷ್ಟು ಜನ ಎಂದು ಕೇಳಿದೆ. ಜನ ಕಡಿಮೆ, ಒಳಗೆಲ್ಲ ಬರೀ ಸರ್ವರ್‌ಗಳು ಅಂದ. ಸರ್ವರ್‌ಗಳು ನಮ್ಮಲ್ಲೂ ಇದ್ದಾರೆ, ಆದರೆ ಅವರು ಊಟ ಮಾಡುತ್ತಾರೆ ಎಂದು ಹೇಳಿ ಕಳಿಸಿದೆ.