ಸೂಚೀ-ಸಾವಧಾನ ಮೀಮಾಂಸೆ

1. ಪ್ರಸ್ತಾವನೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಎಂಬ ತಾಲೂಕು-ಚತುಷ್ಟಯದಲ್ಲಿ ಚರ್ಮವೆಂಬ ಪಠ್ಯದ ಮೇಲೆ ಸೂಜಿಯೆಂಬ ಲೇಖನಿಯಿಂದ ನಡೆದ ದೇಹಬರಹವನ್ನು, ಜಾಗತಿಕ ಸಾವಧಾನತಾ ಸಂಕಥನದ ಪರಿಪ್ರೇಕ್ಷ್ಯದಲ್ಲಿ, ನೆಲಮೂಲ ನೆಲೆಯಿಂದ ಮರುಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಈ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ಪ್ರಸ್ತುತ ಸಂಶೋಧಕಿ (ಅಂದರೆ ನಾನು) ಮುಂದಿನ ಸಾಲಿನಲ್ಲಿ ಕೂತು ಇಂಥ ನಲವತ್ತು ವಾಕ್ಯ ಕೇಳಿದ್ದಾಳೆ. ಮಧ್ಯಾಹ್ನಕ್ಕೆ ಖಡಕ್ ರೊಟ್ಟಿ, ಎಣಗಾಯಿ ಪಲ್ಯ ಇದೆಯೆಂಬ ಸುದ್ದಿ ಇದ್ದುದರಿಂದ ಎದ್ದು ಬರಲಿಲ್ಲ. ಭಾಷಣಕಾರರ ಪ್ರಮೇಯ ಇಷ್ಟು: ಹಚ್ಚೆಯೆಂಬುದು ದೇಸಿ ಧ್ಯಾನ, ನಮ್ಮ ಅಜ್ಜಿಯರು ಸೂಜಿಯ ಕೆಳಗೆ ಸಾಕ್ಷೀಭಾವವನ್ನು ಸಾಧಿಸಿದ್ದರು. ಚಪ್ಪಾಳೆ ಬಿತ್ತು.

ನಮ್ಮ ಆಯಿ, ಅಂದರೆ ಅಜ್ಜಿ, ಸೂಜಿಯ ಕೆಳಗೆ ಏನು ಸಾಧಿಸಿದಳೆಂದು ನನಗೆ ಗೊತ್ತು. ಆದರೆ ಅದನ್ನು ಆರನೆಯ ಭಾಗದಲ್ಲಿ ಹೇಳುತ್ತೇನೆ. ಗೊತ್ತಿದ್ದದ್ದನ್ನು ಕೊನೆಗೆ ಹೇಳುವುದು ಪ್ರಬಂಧದ ಶಿಸ್ತು.

2. ಪರಿಭಾಷಾ ಪ್ರಕರಣ

ಸಾವಧಾನತೆ: ಮೈಂಡ್‌ಫುಲ್‌ನೆಸ್ಸಿಗೆ ವಿದ್ವಾಂಸರು ಹುಡುಕಿಕೊಟ್ಟ ಪದ. ನಮ್ಮ ಭಾಗದಲ್ಲಿ ಇದು ಮದುವೆ ಹಂದರದ ಮಾತು. ಅಂತರಪಟ ಹಿಡಿದಾಗ ಭಟ್ಟರು ‘ಶುಭಮಂಗಲ ಸಾವಧಾನ’ ಎಂದು ರಾಗ ಎಳೆಯುತ್ತಾರೆ, ನಾವು ಊಟದ ಪಂಕ್ತಿಯ ಕಡೆ ಒಂದು ಕಣ್ಣಿಟ್ಟು ಅಕ್ಕಿಕಾಳು ತೂರುತ್ತೇವೆ. ಆ ಪದವನ್ನು ನಿಜವಾಗಿ ಕಿವಿಗೆ ಹಾಕಿಕೊಂಡವರು ಸಮರ್ಥ ರಾಮದಾಸರೊಬ್ಬರೇ. ಕಥೆ ಹೇಳುವಂತೆ, ಕೇಳಿದ ಕೂಡಲೇ ಹಂದರದಿಂದ ಓಡಿಹೋದರು. ಆದಕಾರಣ ಸಾವಧಾನತೆಯ ಪ್ರಥಮ ಲಕ್ಷಣ ಪಲಾಯನ.

ಹಚ್ಚೆ: ಪುಸ್ತಕದಲ್ಲಿ ಹಚ್ಚೆ, ನಮ್ಮ ಬಾಯಲ್ಲಿ ಹಚ್ಚಿ. ಹಣೆಯ ಮೇಲಿದ್ದರೆ ಹಣಚಿಬಟ್ಟು. ಜಿಎಸ್‌ಟಿ ಸೇರಿದರೆ ಟ್ಯಾಟೂ.

ಸೂಚ್ಯಾರ್ಥ: ಆಲಂಕಾರಿಕರ ಪ್ರಕಾರ, ಬಾಯಿಬಿಟ್ಟು ಹೇಳದೆ ಸೂಚಿಸಿದ ಅರ್ಥ. ಪ್ರಸ್ತುತ ಪ್ರಬಂಧದಲ್ಲಿ, ಸೂಚಿಯಿಂದ ಅರ್ಥಾತ್ ಸೂಜಿಯಿಂದ ತಿಳಿಯುವ ಅರ್ಥ. ಇದರ ವಾಚ್ಯಾರ್ಥ ‘ಯವ್ವಾ’.

3. ಐತಿಹಾಸಿಕ ಪೀಠಿಕೆ

ಯಾವ ವಿಷಯವೇ ಇರಲಿ, ಅದು ನಮ್ಮ ತಾಲೂಕಿನಲ್ಲೇ ಹುಟ್ಟಿತೆಂದು ಸಾಧಿಸದೆ ಪ್ರಬಂಧಕ್ಕೆ ಪದವಿ ಸಿಗುವುದಿಲ್ಲ. ಆದ್ದರಿಂದ: ಮುಧೋಳ, ಹಳೆಯ ಮುದುವೊಳಲು, ಹತ್ತನೆಯ ಶತಮಾನದ ರನ್ನನ ಊರು. ರನ್ನನದು ಬಳೆಗಾರರ ಮನೆತನ. ಬಳೆ ತೊಡಿಸುವವನು ಹೆಂಗಸರ ಮುಂಗೈ ಹಿಡಿಯುತ್ತಾನೆ, ಹಚ್ಚೆ ಹಾಕುವವಳೂ ಅದನ್ನೇ ಹಿಡಿಯುತ್ತಾಳೆ. ಸಂಬಂಧ ಸ್ಥಾಪಿತವಾಯಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಶ್ರೀ ಕವಿರತ್ನ’ ಎಂಬ ಅಕ್ಷರಗಳಿದ್ದು, ಅದು ರನ್ನನದೇ ರುಜುವೆಂದು ವಿದ್ವಾಂಸರು ಗುರುತಿಸಿದ್ದಾರೆ. ಬಂಡೆಗೆ ಹಾಕಿದ ಹಚ್ಚೆಯಲ್ಲದೆ ಮತ್ತೇನದು? ಚುಚ್ಚುವಾಗ ಬಂಡೆ ಅಳಲಿಲ್ಲ. ಸಾಕ್ಷೀಭಾವದ ಆದಿಗುರು ಬಂಡೆಯೆಂದು ಇದರಿಂದ ಸಿದ್ಧ.

ಜಮಖಂಡಿಯ ಪಾಲಿಗೆ ಬರುವಾಗ ಮಾತ್ರ ನನ್ನ ಲೇಖನಿಗೆ ನಗು ಬರುವುದಿಲ್ಲ. ಗುರುದೇವ ರಾನಡೆಯವರು 1886ರಲ್ಲಿ ಇಲ್ಲೇ ಹುಟ್ಟಿದರು. 1901ರಲ್ಲಿ, ಇನ್ನೂ ಶಾಲೆಯ ಹುಡುಗನಾಗಿದ್ದಾಗ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮ ಪಡೆದರು. ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರ ಕಲಿಸಿದರು, 1957ರಲ್ಲಿ ನಿಂಬಾಳದಲ್ಲಿ ದೇಹ ಬಿಡುವ ತನಕ ಹಿಡಿದ ನಾಮ ಬಿಡಲಿಲ್ಲ. ಭಾವೂಸಾಹೇಬರ ಅದೇ ಇಂಚಗೇರಿ ಪರಂಪರೆಯಲ್ಲಿ ಮುಂದೆ ಬಂದ ನಿಸರ್ಗದತ್ತ ಮಹಾರಾಜರು ಮುಂಬಯಿಯಲ್ಲಿ ಬೀಡಿ ಅಂಗಡಿ ಇಟ್ಟವರು. ಖೇತವಾಡಿಯ ಸಣ್ಣ ಮಾಳಿಗೆಯಲ್ಲಿ ಅವರಾಡಿದ ಮಾತು 1973ರಲ್ಲಿ ‘ಐ ಆ್ಯಮ್ ದಟ್’ ಎಂಬ ಇಂಗ್ಲಿಷ್ ಪುಸ್ತಕವಾಗಿ ಹೊರದೇಶಕ್ಕೆ ಹೋಯಿತು. ಅಲ್ಲಿ ಇಂಥ ಹತ್ತು ಊರುಗಳ ಮಾತು ಒಂದೇ ಕಡಾಯಿಗೆ ಬಿದ್ದು, ಬಿಳಿಯಾಗಿ, ಪೊಟ್ಟಣವಾಗಿ, ವಾರಾಂತ್ಯದ ಪ್ಯಾಕೇಜ್ ಆಗಿ ಬೆಂಗಳೂರಿಗೆ ಬಂದಿಳಿಯಿತು. ನಮ್ಮ ಹೊಲದ ಕಬ್ಬು ಕಾರ್ಖಾನೆಗೆ ಹೋಗಿ, ಸಕ್ಕರೆಯಾಗಿ, ಕಿರಾಣಿ ಅಂಗಡಿಯಿಂದ ನಮ್ಮ ಚಹಾಕ್ಕೇ ಬರುವ ಹಾಗೆ.

4. ವೇದನೋದ್ಗಾರಗಳ ಪಂಚವಿಧ ವರ್ಗೀಕರಣ

(ಅ) ಶೀತ್ಕಾರ: ಹಲ್ಲು ಕಚ್ಚಿ ಎಳೆದುಕೊಳ್ಳುವ ‘ಸ್ಸ್ಸ್’. ವ್ಯಾಪ್ತಿ ಮುಧೋಳ. ಅಲ್ಲಿಯ ನಾಯಿ ಹೆಸರಾದದ್ದು ಓಟಕ್ಕೆ, ಬೊಗಳುವುದಕ್ಕಲ್ಲ. ಜನರೂ ಹಾಗೇ ಎಂದು ಊಹಿಸಲು ಸಂಶೋಧನೆಯಲ್ಲಿ ಅವಕಾಶವಿದೆ.

(ಆ) ಮಾತೃಸಂಬೋಧನ: ‘ಯವ್ವಾ’. ಜಮಖಂಡಿ.

(ಇ) ಪಿತೃಸಂಬೋಧನ: ‘ಯಪ್ಪಾ’. ಬೀಳಗಿ. ಉಪವರ್ಗ: ‘ಯಪ್ಪಾ, ಸತ್ತೆ’.

(ಈ) ಶ್ರವಣಾತೀತ: ರಬಕವಿ-ಬನಹಟ್ಟಿ. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಅಲ್ಲಿ ಯಾರು ಅತ್ತರೂ ಕೇಳುವುದಿಲ್ಲ. ನೂಲಿನ ದರ ಏರಿ ಸೀರೆಯ ದರ ಇಳಿದಾಗ ನೇಕಾರ ಅತ್ತದ್ದೂ ಕೇಳಿಸಿಲ್ಲ. ಭಾಷಣಕಾರರು ಮಾತ್ರ ಆ ಸದ್ದಿನಲ್ಲಿ ಬೌದ್ಧ ಗಂಟೆಯ ಲಯ ಕೇಳಿದ್ದಾರೆ. ಅವರು ಉಳಿದುಕೊಂಡ ಲಾಡ್ಜು ಮಗ್ಗಗಳಿಂದ ದೂರವಿತ್ತು.

(ಉ) ಐದನೆಯದೊಂದು ಇರಬೇಕು, ಪಂಚವಿಧ ಎಂದು ತಲೆಬರಹ ಕೊಟ್ಟಾಗಿದೆ. ಸಂಕಿರಣದಲ್ಲೂ ಐದು ಬೆರಳೆತ್ತಿ ತೋರಿಸಿ, ನಾಲ್ಕು ಮಡಚಿ, ಚಹಾಕ್ಕೆ ಬಿಟ್ಟರು.

5. ಕ್ಷೇತ್ರಕಾರ್ಯ: ಬೆಂಗಳೂರು

ನಮ್ಮಣ್ಣನ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಆಯಿಯ ಮುಂಗೈಯ ಹಳೆಯ ಫೋಟೋ ಹಿಡಿದು, ಅದೇ ಹಚ್ಚೆ ತನಗೂ ಬೇಕೆಂದು ಒಂದು ಸ್ಟುಡಿಯೋಕ್ಕೆ ಹೊರಟಳು. ‘ಅತ್ತೀ, ನೀನೂ ಬಾ’ ಎಂದಳು. ಹೋದೆ.

ಒಳಗೆ ಊದುಬತ್ತಿ, ಹಿತ್ತಾಳೆ ಬಟ್ಟಲು, ಕಿವಿಗೆ ಮಳೆಯ ಸದ್ದು. ಮಾರ್ಗದರ್ಶಕನೊಬ್ಬ ಮೆತ್ತಗೆ ಹೇಳುತ್ತಿದ್ದ: ಉಸಿರನ್ನು ಗಮನಿಸಿ, ನೋವು ಬಂದರೆ ದೂಡಬೇಡಿ, ಮನೆಗೆ ಬಂದ ಅತಿಥಿಯಂತೆ ಒಳಗೆ ಕರೆಯಿರಿ. ಮುಕ್ಕಾಲು ತಾಸಿನ ಹಿಂದೆಯೇ ಕೈಗೆ ಮರಗಟ್ಟಿಸುವ ಮುಲಾಮು ಹಚ್ಚಿದ್ದರು. ಅತಿಥಿಯನ್ನು ಹೊರಗೆ ನಿಲ್ಲಿಸಿ ಬಾಗಿಲಿಗೆ ಬೀಗ ಜಡಿದು, ಒಳಗೆ ಸ್ವಾಗತಗೀತೆ. ನೋವು ತೆಗೆಯಲು ಒಂದು ದರ, ಇಲ್ಲದ ನೋವನ್ನು ಸಾಕ್ಷಿಯಾಗಿ ನೋಡಲು ಇನ್ನೊಂದು ದರ.

ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸಿನ ವೈದ್ಯಕೀಯ ಶಾಲೆಯೊಂದರಲ್ಲಿ ಈ ಸಾವಧಾನತೆಯ ಪದ್ಧತಿ ಶುರುಮಾಡಿದಾಗ ಬಂದವರಲ್ಲಿ, ಔಷಧಿಗೂ ಬಗ್ಗದ ದೀರ್ಘ ನೋವಿನ ರೋಗಿಗಳಿದ್ದರು. ಬಿಟ್ಟುಹೋಗದ ನೋವಿನ ಜೊತೆ ಬದುಕಲು ಅವರು ಕಲಿತದ್ದಕ್ಕೆ ನಗುವಷ್ಟು ಕೆಟ್ಟವಳಲ್ಲ ನಾನು. ಕಾಸು ಕೊಟ್ಟು ನೋವು ಕೊಂಡು, ಮತ್ತೆ ಕಾಸು ಕೊಟ್ಟು ಸಮಾಧಾನ ಕೊಳ್ಳುವ ಅಂಗಡಿಗೂ ಅದೇ ಹೆಸರು ಹಾಕಿದಾಗ ಮಾತ್ರ ಮೈ ಉರಿಯುತ್ತದೆ.

ಯಂತ್ರ ಗುಂಯ್‌ಗುಟ್ಟುತ್ತಿತ್ತು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ, ಎಡಿಸನ್ನನ ವಿದ್ಯುತ್ ಲೇಖನಿಯನ್ನು ತಿದ್ದಿ ಪೇಟೆಂಟ್ ಪಡೆದದ್ದರ ಮರಿಮಗಳು ಅದು. ಸೂಜಿ ಹೊಸದು, ಕೈಗೆ ಗ್ಲೌಸು, ಎಲ್ಲ ಚೊಕ್ಕ. ಅದರ ಬಗ್ಗೆ ತಕರಾರಿಲ್ಲ. ತುಳಸಿಕಟ್ಟೆ ಬಂತು, ಅದರ ಸುತ್ತ ಚುಕ್ಕೆಗಳು ಬಂದವು. ಫೋಟೋ ಪಕ್ಕಕ್ಕಿಟ್ಟು ನೋಡಿದೆ. ಆಯಿಯ ಕೈಯಲ್ಲಿ ಎಡಗಡೆಯ ಒಂದು ಚುಕ್ಕೆ ಸಾಲು ಬಿಟ್ಟು ಹೊರಗೆ ಜಾರಿತ್ತು. ಇಲ್ಲಿ ನೆಟ್ಟಗಿತ್ತು.

‘ಸಿಮೆಟ್ರಿ ಸರಿಮಾಡಿದ್ದೇವೆ ಮೇಡಂ’ ಎಂದರು.

6. ಪ್ರತ್ಯಕ್ಷ ಪ್ರಮಾಣ: ಆಯಿ

ಆಯಿಯ ತವರು ಬೀಳಗಿ ಕಡೆಯ ಹಳ್ಳಿ. ಹಚ್ಚೆ ಹಾಕಿಸಿದಾಗ ಆಕೆಗೆ ಒಂಬತ್ತೋ ಹತ್ತೋ. ನಾನು ಕಾಲೇಜಿನಲ್ಲಿದ್ದಾಗ ಕೇಳಿದ್ದೆ. ಆಕೆ ಹೇಳಿದ್ದು ಇಷ್ಟು:

‘ನಾಕ ಮಂದಿ ಹೆಣಮಕ್ಕಳು ಕೈಕಾಲ ಒತ್ತಿ ಹಿಡದಿದ್ರವಾ. ನಮ್ಮವ್ವ ಬಾಯಾಗ ಬೆಲ್ಲ ತುರುಕಿದ್ಲು. ಹಚ್ಚಿಯಾಕಿ ಹಾಡಾಕ ಹತ್ತಿದ್ಲು. ಹಾಡ ಕೇಳ್ಕೋತ ಅಳೂದು ಮರತೆ. ಮರತೇನಂತ ಗೊತ್ತಾದ ಕೂಡ್ಲೆ ಮತ್ತ ಚುಚ್ಚಿದ್ಲು. ಬೊಬ್ಬಿ ಹೊಡದು ಕೈ ಜಗ್ಗಿದೆ. ಇಲ್ನೋಡ, ಚುಕ್ಕಿ ಸೊಟ್ಟ ಆತು.’

ಸಾಕ್ಷೀಭಾವದ ವರದಿ ಇಲ್ಲಿಗೆ ಮುಗಿಯಿತು.

ಮಸಿ ಮಾಡುತ್ತಿದ್ದುದು ದೀಪದ ಕಾಡಿಗೆಯಿಂದ. ಸೊಪ್ಪಿನ ರಸ, ಓಣಿಯ ಬಾಣಂತಿಯ ಎದೆಹಾಲು ಅದರಲ್ಲಿ ಕಲಸುತ್ತಿದ್ದರು. ಮೂರು-ನಾಲ್ಕು ಸೂಜಿಯನ್ನು ದಾರದಿಂದ ಒಟ್ಟಿಗೆ ಬಿಗಿದು ಚುಚ್ಚುವುದು, ಮೇಲೆ ಅರಿಸಿನ ಎಣ್ಣೆ ಸವರುವುದು. ಓಣಿಗೆಲ್ಲ ಅವೇ ಸೂಜಿ. ಇದನ್ನು ದೇಸಿ ಜ್ಞಾನಪರಂಪರೆ ಎಂದು ವೇದಿಕೆಯಲ್ಲಿ ಹೊಗಳುವವರು ತಮ್ಮ ಮಗಳಿಗೆ ಆ ಸೂಜಿ ಮುಟ್ಟಿಸಲಾರರು. ನಾನೂ ಮುಟ್ಟಿಸಲಾರೆ. ಹಾಕಿಸಿಕೊಳ್ಳುತ್ತೀಯಾ ಎಂದು ಆಯಿಯನ್ನು ಯಾರೂ ಕೇಳಿರಲಿಲ್ಲ. ಹಚ್ಚೆಯಿಲ್ಲದ ಕೈಯಿಂದ ಬಡಿಸಿದರೆ ಅತ್ತೆಮನೆಯಲ್ಲಿ ಮಾತು ಬರುತ್ತಿತ್ತು. ಸತ್ತ ಮೇಲೆ ಬಂಗಾರ, ಸೀರೆ ಎಲ್ಲ ಇಲ್ಲೇ, ಹಚ್ಚೆಯೊಂದೇ ಸಂಗಡ ಎಂಬ ನಂಬಿಕೆ ಬೇರೆ. ನಮ್ಮವ್ವ ಬನಹಟ್ಟಿಯ ಸಾಲೆಯಲ್ಲಿ ಮಾಸ್ತರಿಕೆ ಹಿಡಿದಾಗ, ಹಳ್ಳಿಯಾಕಿ ಅಂದಾರೆಂದು ಹಣಚಿಬಟ್ಟಿನ ಮೇಲೆ ದೊಡ್ಡ ಕುಂಕುಮ ಇಟ್ಟು ಮುಚ್ಚಿದಳು. ನಾಲ್ಕು ತಲೆಮಾರಿನಲ್ಲಿ ಮೂರು ಬಗೆ: ಹಿಡಿದು ಚುಚ್ಚಿಸಿದ್ದು, ಮುಚ್ಚಿಕೊಂಡದ್ದು, ಕಂತಿನಲ್ಲಿ ಹಣ ಕಟ್ಟಿ ಹಾಕಿಸಿಕೊಂಡದ್ದು.

ಇಷ್ಟಾದರೂ ಆ ನೋವು ಒಬ್ಬಳದಾಗಿರಲಿಲ್ಲ. ನಾಲ್ಕು ಜನ ಹಿಡಿದಿದ್ದರು, ಒಬ್ಬಳು ಬೆಲ್ಲ ತಿನ್ನಿಸಿದಳು, ಒಬ್ಬಳು ಹಾಲು ಕೊಟ್ಟಳು, ಒಬ್ಬಳು ಹಾಡಿದಳು. ಮಳೆಯ ಸದ್ದು ಕೇಳುತ್ತ ಕಣ್ಣು ಮುಚ್ಚಿ ಮಲಗಿದ ನಮ್ಮ ಹುಡುಗಿಯ ಕೈಯನ್ನು ನಾನು ಹಿಡಿಯಹೋದೆ. ಏಕಾಗ್ರತೆಗೆ ಭಂಗವಾಗುತ್ತದೆ ಎಂದು ಹಿಂದೆ ಕೂರಿಸಿದರು.

ಇನ್ನು ಹಾಡಿದವಳು. ಹಚ್ಚೆ ಹಾಕುತ್ತಿದ್ದವರು ಕೊರವರ ಹೆಂಗಸರು. ಬುಟ್ಟಿ ಹೆಣೆದು, ಕಣಿ ಹೇಳಿ, ಹಚ್ಚೆ ಹಾಕಿ, ಮರದ ತುಂಬ ಜೋಳಕ್ಕೋ ಹಳೆಯ ಸೀರೆಗೋ ಕೈಯೊಡ್ಡುತ್ತಿದ್ದರು. ಬ್ರಿಟಿಷ್ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, 1911ರಲ್ಲಿ ಅದನ್ನು ಇನ್ನಷ್ಟು ಬಿಗಿಮಾಡಿ, ಇಂಥ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಹಾಕಿತು. ಬೀಳಗಿ ಆಗ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಜಮಖಂಡಿ, ಮುಧೋಳಗಳಿಗೆ ತಮ್ಮದೇ ರಾಜರು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಬೇಲಿ ಹಾಕಿದ ‘ಸೆಟ್ಲಮೆಂಟು’ಗಳೆದ್ದವು. ಹಾಜರಿ ಕೊಡಬೇಕು, ಊರು ಬಿಡಲು ಪರವಾನಗಿ ಬೇಕು, ಬೆರಳಚ್ಚು ಒತ್ತಬೇಕು. ಮಸಿಯಿಂದ ಹೊಟ್ಟೆ ಹೊರೆಯುವವರ ಬೆರಳಿಗೇ ಮಸಿ ಬಳಿದ ಸರ್ಕಾರ ಅದು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ ಕಾಯ್ದೆ ಹೋಯಿತು. ಹಣೆಪಟ್ಟಿ ಹೋಗಲಿಲ್ಲ. ಹಚ್ಚೆಗಿಂತ ಆಳಕ್ಕೆ ಇಳಿದಿತ್ತು.

ಸಂಕಿರಣದ ಆ ನಲವತ್ತು ವಾಕ್ಯಗಳಲ್ಲಿ ಈ ಮಾತು ಒಂದು ಸಲವೂ ಬರಲಿಲ್ಲ. ದೇಹರಾಜಕಾರಣ ಬಂತು, ಅಸ್ಮಿತೆ ಬಂತು, ಪ್ರತಿರೋಧದ ಆಯಾಮ ಬಂತು. ಸೂಜಿ ಹಿಡಿದವಳು ಬರಲಿಲ್ಲ. ಸಂಕಿರಣಕ್ಕಷ್ಟೇ ಬೈದರೆ ಸುಳ್ಳಾಗುತ್ತದೆ. ಆಕೆಯ ಹೆಸರೇನಿತ್ತು ಎಂದು ನಾನು ಆಯಿಯನ್ನು ಕೇಳಿದಾಗ ಆಯಿ ಅಂದದ್ದು: ‘ಕೊರವರಾಕಿ. ಮತ್ತೇನ ಹೆಸರ?’ ಆಕೆಯನ್ನು ಕೂರಿಸಿದ್ದು ಹೊರಗಿನ ಕಟ್ಟೆಯ ಮೇಲೆ. ನೀರು ಕೇಳಿದಾಗ ಬೊಗಸೆಗೆ ಮೇಲಿನಿಂದ ಹೊಯ್ದಿದ್ದರಂತೆ. ಆಯಿಯ ರಕ್ತ ಮುಟ್ಟಿದ ಬೆರಳು ನಮ್ಮ ಮನೆಯ ಕೊಡ ಮುಟ್ಟುವಂತಿರಲಿಲ್ಲ.

7. ಮುಂದಿನ ಸಂಶೋಧನೆಗೆ ಅವಕಾಶಗಳು

ಉಪಸಂಹಾರ ಬರೆಯಬೇಕಿತ್ತು. ಪರಿಪ್ರೇಕ್ಷ್ಯ, ಸಂಕಥನ ಎಲ್ಲ ಎಲ್ಲಿಟ್ಟೆನೋ ಕೈಗೆ ಸಿಗುತ್ತಿಲ್ಲ. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ಕಂಡುಕೊಂಡ ಒಂದು ಸಂಗತಿ ಮಾತ್ರ ನೆನಪಿದೆ. ಹಚ್ಚೆಯ ಮಸಿಯನ್ನು ಚರ್ಮದೊಳಗಿನ ಮ್ಯಾಕ್ರೋಫೇಜ್ ಎಂಬ ಕೋಶಗಳು ನುಂಗಿ ಹಿಡಿದುಕೊಂಡಿರುತ್ತವೆ. ಅವು ಸತ್ತರೆ ಮಸಿ ಹೊರಬೀಳುತ್ತದೆ, ಹೊಸ ಕೋಶ ಬಂದು ಅದನ್ನೇ ಮತ್ತೆ ಎತ್ತಿ ಹಿಡಿಯುತ್ತದೆ. ಹಚ್ಚೆ ಉಳಿಯುವುದು ಹೀಗೆ. ಹೆಸರು ಹೀಗೆ ಉಳಿಯುವುದಿಲ್ಲ, ಒಬ್ಬರಾದರೂ ಒಮ್ಮೆ ಹಿಡಿದಿರಬೇಕು.

ಮುಂದಿನ ಸಂಶೋಧಕರು ಪರಿಶೀಲಿಸಬೇಕಾದ ಪ್ರಶ್ನೆಗಳು: ಆಕೆಯ ಹೆಸರು ಏನು? ಆ ದಿನ ಆಕೆ ಉಂಡಿದ್ದಳೇ? ಆಕೆಯ ಕೈಗೆ ಹಚ್ಚೆ ಹಾಕಿದವರು ಯಾರು, ಆಗ ಆಕೆ ಅತ್ತಾಗ ಹಾಡಿದವರು ಯಾರು?

ಸಂಕಿರಣದಲ್ಲಿ ಭಾಗವಹಿಸಿದ್ದಕ್ಕೆ ನನಗೊಂದು ಪ್ರಮಾಣಪತ್ರ ಬಂದಿದೆ. ಅದರಲ್ಲಿ ನನ್ನ ಹೆಸರು ತಪ್ಪಾಗಿದೆ. ಆದರೆ ಇದೆ.